ಪ್ರವಾಸದಲ್ಲಿ ದುಡ್ಡು ಎಲ್ಲಿ ಸೋರುತ್ತದೆ? ಹೋಗಿ ಬಂದವರು ಹೇಳಿ

ಪ್ರಶ್ನೆ
ಮುಂದಿನ ತಿಂಗಳ ರಜೆಯಲ್ಲಿ ನಾವು ನಾಲ್ವರು ಹತ್ತು ದಿನಕ್ಕೆಂದು ಬೇರೆ ದೇಶಕ್ಕೆ ಹೊರಟಿದ್ದೇವೆ. ಮಕ್ಕಳಿಗೆ ಎಂಟು ಮತ್ತು ಹನ್ನೊಂದು ವರ್ಷ. ಟಿಕೆಟ್, ವಸತಿ ಎರಡನ್ನೂ ಕಾದಿರಿಸಿ ಆಗಿದೆ. ನಮ್ಮ ಕಷ್ಟ ಅದರ ನಂತರದ್ದು. ಪ್ರತಿ ಸಲವೂ ಇಷ್ಟೇ ಎಂದು ಲೆಕ್ಕ ಹಾಕಿಕೊಂಡು ಹೋಗಿ, ಅದರ ಒಂದೂವರೆ ಪಟ್ಟು ಖರ್ಚು ಮಾಡಿ ಬರುತ್ತೇವೆ. ಎಲ್ಲಿ ಹೋಯಿತು ಎಂದರೆ ನನಗೂ ಗೊತ್ತಿಲ್ಲ, ಯಜಮಾನರಿಗೂ ಗೊತ್ತಿಲ್ಲ. ಜಿಪುಣತನ ಮಾಡಿ ಮಕ್ಕಳ ಮುಖ ಬಾಡಿಸಲು ಮನಸ್ಸಿಲ್ಲ. ನೀವೆಲ್ಲ ಏನು ಮಾಡುತ್ತೀರಿ?

ಉತ್ತರ 1
ನಾನೂ ಇದೇ ಪ್ರಶ್ನೆ ಹೊತ್ತು ತಿರುಗಿದವಳು. ಒಂದು ಪ್ರವಾಸದಲ್ಲಿ ಹಟ ಹಿಡಿದು ಪ್ರತಿ ಖರ್ಚನ್ನೂ ಅಂಗೈಯಗಲದ ಪುಸ್ತಕದಲ್ಲಿ ಬರೆದಿಟ್ಟೆ. ಮೊತ್ತದ ಪಕ್ಕದಲ್ಲಿ ಹೊತ್ತನ್ನೂ ಗುರುತು ಹಾಕಿದೆ. ಮನೆಗೆ ಬಂದು ಪುಟ ತಿರುವಿದರೆ, ‘ಅಯ್ಯೋ, ಇದು ಬೇಕಿತ್ತೇ’ ಎನಿಸಿದ ಖರ್ಚುಗಳೆಲ್ಲ ಎರಡೇ ಹೊತ್ತಿನಲ್ಲಿ ಗುಂಪುಗೂಡಿದ್ದವು: ಮಧ್ಯಾಹ್ನ ಎರಡರ ಮೇಲೆ ಮತ್ತು ರಾತ್ರಿ ಎಂಟರ ಮೇಲೆ. ಅಂದರೆ ಹೊಟ್ಟೆ ಹಸಿದಾಗ ಮತ್ತು ಕಾಲು ಸೋತಾಗ. ಸಣ್ಣವನು ಅಳಲು ಶುರು ಮಾಡಿದನೆಂದರೆ ಎದುರಿಗೆ ಕಂಡ ಮೊದಲ ಊಟದ ಜಾಗಕ್ಕೆ ನುಗ್ಗುತ್ತಿದ್ದೆವು. ಅದು ಯಾವಾಗಲೂ ಯಾವುದೋ ಪ್ರಸಿದ್ಧ ಸ್ಥಳದ ಬಾಗಿಲಲ್ಲೇ ಇರುತ್ತಿತ್ತು. ನಾಲ್ಕು ಬೀದಿ ಒಳಗೆ ಹೋಗಿದ್ದರೆ ಊರಿನವರೇ ಉಣ್ಣುವ ಜಾಗ ಸಿಗುತ್ತಿತ್ತು, ಆದರೆ ಆ ನಾಲ್ಕು ಬೀದಿ ನಡೆಯುವ ತ್ರಾಣ ಯಾರಿಗಿತ್ತು?

ಆಮೇಲಿಂದ ಬೆಳಿಗ್ಗೆ ಹೊರಡುವ ಮೊದಲೇ ಅಂದಿನ ಮಧ್ಯಾಹ್ನದ ಊಟ ಎಲ್ಲಿ ಎಂದು ತೀರ್ಮಾನಿಸಿರುತ್ತೇನೆ. ಹನ್ನೆರಡೂವರೆಗೆ ಉಣ್ಣುತ್ತೇವೆ, ಹಸಿವಾಗಲಿ ಆಗದಿರಲಿ. ಚೀಲದಲ್ಲಿ ಎರಡು ಡಬ್ಬಿ ತಿನಿಸು ಇರಲೇಬೇಕು. ಹಾಗೆಯೇ ಮೊದಲ ದಿನ ವಿಮಾನ ನಿಲ್ದಾಣದಿಂದ ಕೋಣೆಗೆ ಹೇಗೆ ಹೋಗುವುದು ಎಂಬುದನ್ನು ಮನೆಯಲ್ಲೇ ನೋಡಿಟ್ಟುಕೊಳ್ಳಿ. ನಿದ್ದೆಗಣ್ಣಿನಲ್ಲಿ ಸಾಮಾನಿನ ರಾಶಿಯ ನಡುವೆ ನಿಂತಾಗ ಯಾವ ಟ್ಯಾಕ್ಸಿಯ ದರವೂ ನ್ಯಾಯವಾಗಿಯೇ ಕಾಣುತ್ತದೆ.

ಉತ್ತರ 2
ಹಸಿವಿನ ಮಾತು ನಿಜ. ಆದರೆ ಪುಸ್ತಕದಲ್ಲಿ ಬರೆದರೂ ಕಾಣದ ಸೋರಿಕೆ ಒಂದಿದೆ. ಬೇರೆ ದೇಶದ ಅಂಗಡಿಯಲ್ಲಿ ಕಾರ್ಡ್ ಕೊಟ್ಟಾಗ ಯಂತ್ರ ಎಷ್ಟೋ ಸಲ ಕೇಳುತ್ತದೆ, ನಿಮ್ಮ ದೇಶದ ಹಣದಲ್ಲಿ ಕೊಡುತ್ತೀರೋ, ಇಲ್ಲಿನ ಹಣದಲ್ಲೋ ಎಂದು. ಪರಿಚಿತ ಅಂಕಿ ಕಂಡ ಖುಷಿಗೆ ನಾನು ಎರಡು ವರ್ಷ ನಮ್ಮ ಹಣವನ್ನೇ ಒತ್ತುತ್ತಿದ್ದೆ. ಹಾಗೆ ಒತ್ತಿದರೆ ವಿನಿಮಯ ದರವನ್ನು ಆ ಯಂತ್ರದ ಕಡೆಯವರು ತಮ್ಮ ಲಾಭ ಸೇರಿಸಿ ನಿಗದಿ ಮಾಡುತ್ತಾರೆ. ಸ್ಥಳೀಯ ಹಣ ಒತ್ತಿದರೆ ನಿಮ್ಮ ಕಾರ್ಡಿನ ಜಾಲದ (ವೀಸಾ, ಮಾಸ್ಟರ್‌ಕಾರ್ಡ್‌ನಂಥದ್ದರ) ದರ ಸಿಗುತ್ತದೆ, ಸಾಮಾನ್ಯವಾಗಿ ಅದೇ ಅಗ್ಗ. ಎಟಿಎಂ ಕೂಡ ಇದೇ ಪ್ರಶ್ನೆ ಕೇಳುತ್ತದೆ, ಅಲ್ಲಿಯೂ ಇದೇ ಉತ್ತರ.

ಪ್ರತಿ ಸಲ ಹಣ ತೆಗೆಯುವಾಗಲೂ ನಿಗದಿತ ಶುಲ್ಕ ಹಿಡಿಯುವ ಎಟಿಎಂಗಳು ಬಹಳ. ಆದ್ದರಿಂದ ದಿನಾ ಚೂರು ಚೂರು ತೆಗೆಯುವ ಬದಲು ಎರಡು ಮೂರು ಸಲಕ್ಕೆ ಮುಗಿಸಿ. ಕ್ರೆಡಿಟ್ ಕಾರ್ಡಿನಲ್ಲಿ ಮಾತ್ರ ನಗದು ತೆಗೆಯಬೇಡಿ. ಅದಕ್ಕೆ ಸಾಮಾನ್ಯವಾಗಿ ಅಂದಿನಿಂದಲೇ ಬಡ್ಡಿ ಓಡುತ್ತದೆ. ಹೊರಡುವ ಮೊದಲು ವಿದೇಶಿ ವ್ಯವಹಾರಕ್ಕೆ ಎಷ್ಟು ಶುಲ್ಕ ಎಂದು ಬ್ಯಾಂಕಿನಲ್ಲಿ ಕೇಳಿಕೊಳ್ಳಿ. ಮೊಬೈಲಿನ ಡೇಟಾ ರೋಮಿಂಗ್ ಅನ್ನು ವಿಮಾನ ಹತ್ತುವಾಗಲೇ ಆರಿಸಿಬಿಡಿ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ.

ಉತ್ತರ 3
ನಿಮ್ಮ ವಸತಿ ಊರ ನಡುವೆ ಇದೆಯೋ, ಹೊರಗೋ? ನಾವು ಒಮ್ಮೆ ಅಗ್ಗವೆಂದು ಊರಾಚೆ ಕೋಣೆ ಹಿಡಿದೆವು. ದಿನಕ್ಕೆ ಎರಡು ಪ್ರಯಾಣ, ನಾಲ್ಕು ತಲೆ, ಅಂದರೆ ಎಂಟು ಟಿಕೆಟ್. ಏಳು ದಿನಕ್ಕೆ ಐವತ್ತಾರು. ಕೋಣೆಯಲ್ಲಿ ಉಳಿಸಿದ್ದನ್ನು ರೈಲು ನುಂಗಿತು, ಮಧ್ಯಾಹ್ನ ಅರ್ಧ ಗಂಟೆ ಬಂದು ಮಲಗುವ ಸುಖವೂ ಇಲ್ಲ. ದೂರವಿದ್ದರೆ ದಿನದ ಅಥವಾ ವಾರದ ಪಾಸ್ ವಿಚಾರಿಸಿ. ಅಡುಗೆಮನೆ ಇರುವ ವಸತಿಯಾದರೆ ಬೆಳಗಿನ ತಿಂಡಿಯನ್ನಾದರೂ ಅಲ್ಲೇ ಮಾಡಿಕೊಳ್ಳಿ. ರಾತ್ರಿಯ ಅಡುಗೆಗೆ ಕೈ ಹಾಕಬೇಡಿ, ರಜೆ ಯಾರಿಗೆ ಎಂಬ ಜಗಳ ಖಚಿತ.

ಉತ್ತರ 4
ಸಾಮಾನನ್ನು ಮನೆಯಲ್ಲೇ ತೂಗಿ. ನಿಲ್ದಾಣದ ಕೌಂಟರಿನಲ್ಲಿ ಕಟ್ಟುವ ಹೆಚ್ಚುವರಿ ತೂಕದ ದುಡ್ಡಿನಷ್ಟು ಹೊಟ್ಟೆ ಉರಿಸುವುದು ಬೇರೊಂದಿಲ್ಲ. ಹೆಚ್ಚು ತೂಕ ಬೇಕೇ ಬೇಕು ಎನ್ನುವುದಾದರೆ ಮೊದಲೇ ಆನ್‌ಲೈನಿನಲ್ಲಿ ಕೊಂಡರೆ ಬಹುತೇಕ ಕಡೆ ಕಡಿಮೆ. ನೀರಿನ ಬಾಟಲಿಯನ್ನು ಖಾಲಿ ಮಾಡಿ ಭದ್ರತಾ ತಪಾಸಣೆ ದಾಟಿಸಿ, ಒಳಗೆ ತುಂಬಿಸಿಕೊಳ್ಳಿ. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಶಾಂಪೂ ಬಾಟಲಿ ಇಟ್ಟುಕೊಂಡು ಹೋಗಿ, ಅದನ್ನು ಕಸದ ಬುಟ್ಟಿಗೆ ಹಾಕಿ, ಅಲ್ಲಿ ಹೊಸದು ಕೊಂಡ ಜಾಣ ನಾನೇ.

ಪ್ರಶ್ನೆ ಕೇಳಿದವರು
ವಸತಿ ಊರ ನಡುವೆಯೇ ಇದೆ, ಪುಣ್ಯ. ‘ಒಂದೇ ಕಾರ್ಡಿನಲ್ಲಿ ಎಲ್ಲ ನೋಡಿ’ ಎಂಬ ಪ್ರವಾಸಿ ಪಾಸ್ ಕೊಳ್ಳಬಹುದೇ?

ಉತ್ತರ 1
ನಿಜವಾಗಿ ನೋಡುವ ಜಾಗಗಳ ಟಿಕೆಟ್ ದರವನ್ನಷ್ಟೇ ಕೂಡಿಸಿ ನೋಡಿ. ಎಂಟು ವರ್ಷದ ಮಗು ದಿನಕ್ಕೆ ಎರಡಕ್ಕಿಂತ ಹೆಚ್ಚು ಜಾಗ ನೋಡುವುದಿಲ್ಲ, ಪಾಸ್ ಮಾರುವವರು ಐದು ಎಂದು ಲೆಕ್ಕ ಹಾಕಿರುತ್ತಾರೆ. ಎಷ್ಟೋ ವಸ್ತುಸಂಗ್ರಹಾಲಯಗಳಲ್ಲಿ ಮಕ್ಕಳಿಗೆ ಪ್ರವೇಶ ಉಚಿತ, ಕೆಲವು ಕಡೆ ತಿಂಗಳಿಗೊಂದು ದಿನ ಎಲ್ಲರಿಗೂ ಉಚಿತ. ಆ ದಿನ ಜನಜಾತ್ರೆಯಿರುತ್ತದೆ, ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಮಕ್ಕಳ ವಯಸ್ಸಿನ ಪುರಾವೆ ಕೈಯಲ್ಲಿರಲಿ.

ಇನ್ನೊಂದು ಬಿಟ್ಟೆ. ಆಟಿಕೆ, ನೆನಪಿನ ಕಾಣಿಕೆಗೆಂದು ಇಬ್ಬರಿಗೂ ಮೊದಲ ದಿನವೇ ಅಲ್ಲಿನ ಹಣ ಎಣಿಸಿ ಕೊಟ್ಟುಬಿಡಿ. ನಮ್ಮ ದೊಡ್ಡವಳು ಒಂದು ಬೊಂಬೆಯ ಮುಂದೆ ಇಪ್ಪತ್ತು ನಿಮಿಷ ನಿಂತಳು, ನಾಣ್ಯಗಳನ್ನು ಎರಡು ಸಲ ಎಣಿಸಿದಳು, ಆಮೇಲೆ ‘ಬೇಡ ಅಮ್ಮ, ಇದರ ಕಣ್ಣು ಸರಿಯಿಲ್ಲ’ ಎಂದು ಹೊರಗೆ ಬಂದಳು. ನನ್ನ ದುಡ್ಡಾಗಿದ್ದರೆ ಆ ಕಣ್ಣು ಅವಳಿಗೆ ಕಾಣುತ್ತಲೇ ಇರಲಿಲ್ಲ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದ. ಈಗಷ್ಟೇ ಅಟ್ಟದಿಂದ ದೊಡ್ಡ ಸೂಟ್‌ಕೇಸ್ ಇಳಿಸಿ ತೂಗಿದೆ. ಖಾಲಿಯಿದ್ದಾಗಲೇ ಐದು ಕಿಲೋ ಇದೆ. ಅದನ್ನು ಮತ್ತೆ ಅಟ್ಟಕ್ಕೆ ಏರಿಸುತ್ತಿದ್ದೇನೆ.