ಪ್ರಯಾಣದಲ್ಲಿ ಯೋಗ ಬಿಟ್ಟುಹೋಗುತ್ತಿದೆ, ಜೊತೆಗೆ ಈಜು ಬೇರೆ ಶುರು ಮಾಡಿದ್ದೇನೆ. ಎರಡನ್ನೂ ಹೇಗೆ ಹೊಂದಿಸುವುದು?

ಕಾಲಲ್ಲಿ_ಚಕ್ರ:

ಎಲ್ಲರಿಗೂ ನಮಸ್ಕಾರ. ಆರು ವರ್ಷದಿಂದ ಯೋಗ ಮಾಡುತ್ತಿದ್ದೇನೆ. ಮನೆಯಲ್ಲಿದ್ದರೆ ಬೆಳಿಗ್ಗೆ ಒಂದೂಕಾಲು ಗಂಟೆ ಅಭ್ಯಾಸ, ಅದರಲ್ಲೇನೂ ತೊಂದರೆ ಇಲ್ಲ. ಆದರೆ ಒಂದು ವರ್ಷದಿಂದ ಕೆಲಸದ ಮೇಲೆ ತಿಂಗಳಿಗೆ ಹತ್ತು ಹನ್ನೆರಡು ದಿನ ಹೊರಗೇ ಇರುತ್ತೇನೆ. ಮೊದಲ ದಿನ ಸುಸ್ತು ಅಂತ ಬಿಡುತ್ತೇನೆ. ಎರಡನೇ ದಿನ ಬೆಳಿಗ್ಗೆ ಬೇಗ ಮೀಟಿಂಗ್ ಇರುತ್ತದೆ. ಮೂರನೇ ದಿನಕ್ಕೆ ಚಾಪೆ ಬ್ಯಾಗಿನಿಂದ ಹೊರಗೇ ಬರುವುದಿಲ್ಲ. ವಾಪಸ್ ಬಂದು ಪಶ್ಚಿಮೋತ್ತಾನಾಸನಕ್ಕೆ (ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಆಸನ) ಕೂತರೆ ತೊಡೆಯ ಹಿಂಭಾಗ ಹುರಿ ಹಾಕಿದ ಹಗ್ಗದ ಹಾಗೆ ಬಿಗಿದಿರುತ್ತದೆ, ಅದು ಸಡಿಲ ಆಗುವಷ್ಟರಲ್ಲಿ ಮುಂದಿನ ಪ್ರಯಾಣ ಬಂದೇ ಬಿಟ್ಟಿರುತ್ತದೆ. ಇದರಿಂದ ನಿಜಕ್ಕೂ ಬೇಜಾರಾಗಿದೆ.

ಇನ್ನೊಂದು ವಿಷಯ. ನಾಲ್ಕು ತಿಂಗಳ ಹಿಂದೆ ಫ್ರೀಸ್ಟೈಲ್ (ಮುಖ ಕೆಳಗೆ ಮಾಡಿ ಒಂದಾದ ಮೇಲೊಂದು ತೋಳು ಬೀಸುವ ಈಜು) ಕಲಿತೆ. ತುಂಬಾ ಇಷ್ಟ ಆಗಿದೆ. ಉಳಿದುಕೊಳ್ಳುವ ಕಡೆ ಹೆಚ್ಚಾಗಿ ಈಜುಕೊಳ ಇರುತ್ತದೆ, ಹಾಗಾಗಿ ಪ್ರಯಾಣದಲ್ಲಿ ಇದನ್ನೂ ಸೇರಿಸೋಣ ಅಂತ.

ನನ್ನ ಪ್ರಶ್ನೆಗಳು: ಪ್ರಯಾಣದಲ್ಲಿ ಕನಿಷ್ಠ ಎಷ್ಟು ಮಾಡಿದರೆ ದೇಹ ಬಿಗಿಯದೆ ಉಳಿಯುತ್ತದೆ? ಒಂದೇ ದಿನ ಎರಡೂ ಮಾಡಿದರೆ ಯಾವುದು ಮೊದಲು? ಈಜು ಶುರು ಮಾಡಿದ ಮೇಲೆ ಬಲಭುಜದ ಮುಂಭಾಗದಲ್ಲಿ ಸಣ್ಣಗೆ ಹಿಡಿದ ಹಾಗಾಗುತ್ತದೆ, ಚತುರಂಗ ದಂಡಾಸನದಲ್ಲಿ (ಅಂಗೈ, ಕಾಲ್ಬೆರಳ ಮೇಲೆ ಮೈ ನೇರ ಹಿಡಿದು ಮೊಣಕೈ ಮಡಚಿ ಇಳಿಯುವುದು) ಜಾಸ್ತಿ, ಏನು ಮಾಡಲಿ? ಕೊನೆಯದಾಗಿ, ನೀರಿಗೆ ಇಳಿಯುವ ಮುಂಚೆ ಒಂದೆರಡು ಸುತ್ತು ಭಸ್ತ್ರಿಕ (ಜೋರಾಗಿ ಬೇಗ ಬೇಗ ಉಸಿರಾಡುವ ಪ್ರಾಣಾಯಾಮ) ಮಾಡಿದರೆ ನೀರಿನೊಳಗೆ ತುಂಬಾ ಹೊತ್ತು ಉಸಿರು ನಿಲ್ಲುತ್ತದೆ. ಎರಡು ಸಲ ಮಾಡಿ ನೋಡಿದೆ. ಇದನ್ನು ಕುಂಭಕದ (ಉಸಿರು ತಡೆದು ಹಿಡಿಯುವ) ಅಭ್ಯಾಸದ ಹಾಗೆ ಮುಂದುವರಿಸಬಹುದಾ?

ನೀರಿನ_ಮೇಷ್ಟ್ರು:

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಇದು ನಾಳೆಗೆ ಇಡುವ ವಿಷಯ ಅಲ್ಲ. ಭಸ್ತ್ರಿಕ ಮಾಡಿ ನೀರಿನೊಳಗೆ ಉಸಿರು ಹಿಡಿಯುವುದನ್ನು ಇವತ್ತೇ ನಿಲ್ಲಿಸಿ ಮೇಡಂ. ಉಸಿರನ್ನು ರಭಸವಾಗಿ ಹೊರಹಾಕುವ ಕಪಾಲಭಾತಿ ಆದರೂ ಅಷ್ಟೇ.

ಕಾರಣ ಹೇಳುತ್ತೇನೆ. ನಮಗೆ ಉಸಿರು ಎಳೆಯಲೇಬೇಕು ಅನ್ನುವ ಒತ್ತಡ ಬರುವುದು ಮುಖ್ಯವಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರಿದಾಗ, ಆಮ್ಲಜನಕ ಇಳಿದಾಗ ಅಲ್ಲ. ಜೋರಾಗಿ ಬೇಗ ಬೇಗ ಉಸಿರಾಡಿದರೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ಆಮ್ಲಜನಕ ಮಾತ್ರ ಹೆಚ್ಚೇನೂ ಸೇರುವುದಿಲ್ಲ, ಆರೋಗ್ಯವಂತರ ರಕ್ತದಲ್ಲಿ ಅದು ಮೊದಲೇ ನೂರಕ್ಕೆ 95ಕ್ಕಿಂತ ಮೇಲೆ ತುಂಬಿರುತ್ತದೆ. ಅಂದರೆ ನಿಮ್ಮ ಉಸಿರಿನ ಶಕ್ತಿ ಬೆಳೆದಿಲ್ಲ, ಎಚ್ಚರಿಸುವ ಗಂಟೆ ತಡವಾಗಿ ಹೊಡೆಯುತ್ತಿದೆ ಅಷ್ಟೇ. ಆ ಗಂಟೆ ಹೊಡೆಯುವ ಮುಂಚೆಯೇ ಮೆದುಳಿಗೆ ಆಮ್ಲಜನಕ ಸಾಲದೆ ಪ್ರಜ್ಞೆ ತಪ್ಪಬಹುದು. ಯಾವ ಮುನ್ಸೂಚನೆಯೂ ಇರುವುದಿಲ್ಲ. ಚೆನ್ನಾಗಿ ಈಜು ಬರುವವರೇ ಸೊಂಟದ ಮಟ್ಟದ ನೀರಿನಲ್ಲಿ ಹೀಗೆ ಮುಳುಗಿ ಹೋಗಿದ್ದಾರೆ. ನೀವು ಬೇರೆ ಒಬ್ಬರೇ ಇರುತ್ತೀರಿ, ಬೆಳಿಗ್ಗೆ ಬೇಗ, ಕೊಳದ ಹತ್ತಿರ ಯಾರೂ ಇರದ ಹೊತ್ತಲ್ಲಿ. ಕುಂಭಕ ಚಾಪೆಯ ಮೇಲೆ ಇರಲಿ. ನೀರಿನಲ್ಲಿ ಉಸಿರು ಹಿಡಿಯುವುದೇ ಬೇಡ, ಬಿಡುತ್ತಾ ಇರಿ.

ನಿಮ್ಮ ಯೋಗ ನೀರಿನಲ್ಲಿ ಕೆಲಸಕ್ಕೆ ಬರುವುದೂ ಈ ಬಿಡುವುದರಲ್ಲೇ. ಹೊಸಬರು ಮುಖ ನೀರಿಗೆ ಹಾಕಿದ ತಕ್ಷಣ ಉಸಿರು ಕಟ್ಟಿಕೊಳ್ಳುತ್ತಾರೆ. ಆಮೇಲೆ ಬಾಯಿ ಹೊರಗೆ ಬಂದ ಆ ಒಂದು ಕ್ಷಣದಲ್ಲಿ ಬಿಡುವುದೂ ಎಳೆಯುವುದೂ ಎರಡೂ ಮಾಡಲು ಹೋಗುತ್ತಾರೆ, ಆಗುವುದಿಲ್ಲ, ತಲೆ ಪೂರ್ತಿ ಎತ್ತುತ್ತಾರೆ, ಕಾಲು ಮುಳುಗುತ್ತದೆ. ಪ್ರಾಣಾಯಾಮದಲ್ಲಿ ಪೂರಕದ (ಉಸಿರು ಎಳೆಯುವುದು) ಎರಡರಷ್ಟು ಹೊತ್ತು ರೇಚಕ (ಬಿಡುವುದು) ಮಾಡಿ ಅಭ್ಯಾಸ ಇರುತ್ತದಲ್ವಾ, ಅದನ್ನೇ ನೀರಿನಲ್ಲಿ ಮಾಡಿ. ಮುಖ ನೀರಿನಲ್ಲಿರುವಷ್ಟು ಹೊತ್ತೂ ಮೂಗಿನಿಂದ, ಬಾಯಿಂದ ಗುಳ್ಳೆ ಸಣ್ಣಗೆ ಹೋಗುತ್ತಲೇ ಇರಬೇಕು. ಎಳೆಯುವುದು ಮಾತ್ರ ಬಾಯಿಂದ, ಚುರುಕಾಗಿ. ಮೂಗಿನಿಂದ ಎಳೆಯುವ ಅಭ್ಯಾಸ ಇರುವವರಿಗೆ ಇದೇ ಕಷ್ಟ, ಮೂಗಿಗೆ ನೀರು ಹೋಗಿ ಕೆಮ್ಮುತ್ತಾರೆ.

ಭುಜಕ್ಕೆ ಬರುತ್ತೇನೆ. ಕೈ ನೀರಿಗೆ ಹೋಗುವಾಗ ಹೆಬ್ಬೆರಳು ಮೊದಲು ಹೋಗುತ್ತಿದೆಯಾ ನೋಡಿ. ಹಾಗಾದರೆ ತೋಳು ಒಳಕ್ಕೆ ತಿರುಗಿ ಭುಜದ ಮುಂಭಾಗ ಒತ್ತಿಕೊಳ್ಳುತ್ತದೆ. ಬೆರಳ ತುದಿಗಳು ಮೊದಲು ಹೋಗಲಿ, ಅಂಗೈ ಕೆಳಗೆ ನೋಡಲಿ, ಕೈ ಭುಜದ ನೇರಕ್ಕೇ ಇಳಿಯಲಿ, ತಲೆಯ ಮುಂದೆ ಅಡ್ಡ ದಾಟಬಾರದು. ದೇಹ ಮಗ್ಗುಲಿಂದ ಮಗ್ಗುಲಿಗೆ ಸ್ವಲ್ಪ ಉರುಳಬೇಕು. ಹಲಗೆಯ ಹಾಗೆ ಚಪ್ಪಟೆ ಮಲಗಿ ಬರೀ ತೋಳು ತಿರುಗಿಸಿದರೆ ನೋವು ಬಂದೇ ಬರುತ್ತದೆ.

ಚಾಪೆಯೇ_ಮನೆ:

ಮೇಷ್ಟ್ರು ಹೇಳಿದ್ದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ನಾನು ಯೋಗದ ಭಾಗಕ್ಕೆ ಉತ್ತರ ಹೇಳುತ್ತೇನೆ, ಎಂಟು ವರ್ಷ ಸುತ್ತಾಟದ ಕೆಲಸ ಮಾಡಿದ್ದೇನೆ.

ನೀವು ಒಂದೂಕಾಲು ಗಂಟೆಯನ್ನೇ ಚೀಲದಲ್ಲಿ ಹೊತ್ತುಕೊಂಡು ಹೋಗುತ್ತಿದ್ದೀರಿ, ಅದಕ್ಕೇ ಬಿಟ್ಟುಹೋಗುತ್ತಿದೆ. ಅಷ್ಟು ಸಮಯ ಸಿಗುವುದಿಲ್ಲ, ಸಿಗದಿದ್ದರೆ ಪೂರ್ತಿ ಬಿಡುತ್ತೀರಿ. ನಾನು ಪ್ರಯಾಣಕ್ಕೆ ಅಂತಲೇ ಬೇರೆ ಅಭ್ಯಾಸ ಇಟ್ಟುಕೊಂಡಿದ್ದೇನೆ, ಹದಿನೈದು ನಿಮಿಷ, ಎಲ್ಲಿ ಹೋದರೂ ಅದೇ ಕ್ರಮ. ಎದ್ದು ಮುಖ ತೊಳೆದ ತಕ್ಷಣ, ಫೋನ್ ಮುಟ್ಟುವ ಮುಂಚೆ. ಸೂರ್ಯ ನಮಸ್ಕಾರ ಆರು ಸುತ್ತು, ನಿಧಾನವಾಗಿ ಮಾಡಿದರೂ ಆರೇಳು ನಿಮಿಷ. ಆಮೇಲೆ ತ್ರಿಕೋನಾಸನ ಎರಡೂ ಕಡೆ, ಪಶ್ಚಿಮೋತ್ತಾನಾಸನ, ಒಂದು ತಿರುಚುವ ಆಸನ, ಎರಡು ನಿಮಿಷ ಶವಾಸನ. ಇಷ್ಟೇ. ಏನು ಮಾಡಲಿ ಅಂತ ಬೆಳಿಗ್ಗೆ ಯೋಚಿಸುವ ಹಾಗೇ ಇರಬಾರದು, ಯೋಚನೆ ಶುರುವಾದರೆ ಮುಗಿಯಿತು.

ಜಾಗದ ವಿಷಯ ಒಂದು ಹೇಳಬೇಕು. ಮಂಚಕ್ಕೂ ಗೋಡೆಗೂ ನಡುವೆ ಒಂದು ಟವೆಲ್ ಹಾಸುವಷ್ಟು ಜಾಗ ಇರುತ್ತದೆ, ಕಾಲು ಹಿಂದಕ್ಕೆ ಹಾಕಿದರೆ ಸೂಟ್‌ಕೇಸ್‌ಗೆ ಹಿಮ್ಮಡಿ ಬಡಿಯುತ್ತದೆ. ಹಾಗಾಗಿ ಕೋಣೆಗೆ ಹೋದ ರಾತ್ರಿಯೇ ಸೂಟ್‌ಕೇಸ್ ಮಂಚದ ಆಚೆ ಬದಿಗಿಟ್ಟು, ಚಾಪೆ ಹಾಸಿಯೇ ಮಲಗುತ್ತೇನೆ. ಬೆಳಿಗ್ಗೆ ಮಂಚದಿಂದ ಕಾಲಿಟ್ಟರೆ ಅದು ಚಾಪೆಯ ಮೇಲೇ ಬೀಳುತ್ತದೆ. ನನಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೊಂದೇ ಅಭ್ಯಾಸ. ಚಾಪೆ ಹಾಸಲೂ ಆಗದಷ್ಟು ಇಕ್ಕಟ್ಟಾದರೆ ಕುರ್ಚಿ ಸಾಕು. ಕುರ್ಚಿಯ ಬೆನ್ನು ಹಿಡಿದು ಸೊಂಟದಿಂದ ಮುಂದಕ್ಕೆ ಬಾಗಿದರೆ ಅರ್ಧ ಉತ್ತಾನಾಸನ, ಅದರ ಮೇಲೆ ಅಡ್ಡ ಕೂತು ತಿರುಗಿದರೆ ಭರದ್ವಾಜಾಸನ. ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಕುರ್ಚಿ, ಗೋಡೆ, ಪಟ್ಟಿ ಎಲ್ಲವನ್ನೂ ಅಭ್ಯಾಸದೊಳಗೆ ತಂದು ತೋರಿಸಿದ್ದಾರೆ, ಹಾಗಾಗಿ ಇದನ್ನು ಕಡಿಮೆ ಯೋಗ ಅಂದುಕೊಳ್ಳಬೇಡಿ.

ವಿಮಾನ ಇಳಿದ ದಿನ ಇಷ್ಟೂ ಬೇಡ. ಒಳಗಿನ ಗಾಳಿಯ ಒತ್ತಡ ಸುಮಾರು 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದ ಹಾಗಿರುತ್ತದೆ, ಗಾಳಿಯೂ ತುಂಬಾ ಒಣ. ಜೊತೆಗೆ ಗಂಟೆಗಟ್ಟಲೆ ಕೂತು ಪಾದ ಊದಿರುತ್ತದೆ. ನೀರು ಕುಡಿದು, ಗೋಡೆಗೆ ಕಾಲು ಒರಗಿಸಿ ಹತ್ತು ನಿಮಿಷ ವಿಪರೀತ ಕರಣಿಯಲ್ಲಿ ಮಲಗಿ. ಅವತ್ತಿನ ಅಭ್ಯಾಸ ಅದೇ. ಮೊದಲ ದಿನ ತಪ್ಪಲಿಲ್ಲ ಅಂದರೆ ಎರಡನೇ ದಿನ ತಾನಾಗಿಯೇ ಬರುತ್ತದೆ.

ನಿಧಾನವೇ_ಸರಿ:

ಮೇಲಿನ ಇಬ್ಬರೂ ಹೇಳಿದ್ದು ಸರಿ. ಒಂದು ಮಾತ್ರ ಸೇರಿಸುತ್ತೇನೆ, ಯೋಗ ಕಲಿಸುವವಳಾಗಿ. ಈಜನ್ನು ಯೋಗದ ಮೇಲೆ ಹೊರೆಯ ಹಾಗೆ ಹೇರಬೇಡಿ. ಆರು ಸುತ್ತು ಸೂರ್ಯ ನಮಸ್ಕಾರ, ಅದರಲ್ಲಿ ಆರು ಸಲ ದೇಹದ ಭಾರ ಕೈ ಮೇಲೆ, ಆಮೇಲೆ ಕೊಳದಲ್ಲಿ ಅರ್ಧ ಗಂಟೆ ತೋಳು ತಿರುಗಿಸುವುದು. ಎರಡೂ ಅದೇ ಭುಜದ ಮುಂಭಾಗಕ್ಕೇ ಬೀಳುತ್ತದೆ. ಈಜುವ ದಿನ ಚತುರಂಗ ಬಿಟ್ಟುಬಿಡಿ. ಮಂಡಿ ನೆಲಕ್ಕಿಟ್ಟು ಇಳಿಯಿರಿ, ಇಲ್ಲಾ ನಿಂತು ಮಾಡುವ ಆಸನಗಳಷ್ಟೇ ಮಾಡಿ. ಉಳಿದ ದಿನಗಳಲ್ಲೂ ಭುಜ ಮೊಣಕೈಗಿಂತ ಕೆಳಗೆ ಹೋಗದ ಹಾಗೆ ನೋಡಿಕೊಳ್ಳಿ. ಬಹಳ ಜನ ಎದೆ ನೆಲಕ್ಕೆ ಮುಟ್ಟುವವರೆಗೂ ಇಳಿಯುತ್ತಾರೆ, ಕಷ್ಟಪಟ್ಟರೆ ಒಳ್ಳೆಯದು ಅಂತ. ಅಲ್ಲೇ ಭುಜದ ಕೀಲಿನಲ್ಲಿ ತೋಳಿನ ಮೂಳೆಯ ತಲೆ ಮುಂದಕ್ಕೆ ಜಾರುವುದು.

ಬದಲಿಗೆ ಶಲಭಾಸನ (ಬೋರಲು ಮಲಗಿ ಎದೆ, ಕಾಲು ಮೇಲಕ್ಕೆತ್ತುವುದು) ಮಾಡಿ. ಈಜಿನಲ್ಲಿ ಎದೆಯ ಸ್ನಾಯು ಬಿಗಿದು ಭುಜ ಮುಂದಕ್ಕೆ ಬಾಗುತ್ತದೆ, ಬೆನ್ನಿನ ಮೇಲ್ಭಾಗಕ್ಕೆ ಬಲ ಬಂದರೆ ಅದನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಮತ್ತೆ ಮಂಡಿ ಮಡಚಿ ಪಾದದ ಮೇಲ್ಭಾಗ ನೆಲಕ್ಕೆ ತಾಗಿಸಿ ಕೂರುವ ವಜ್ರಾಸನ, ವೀರಾಸನ. ಫ್ರೀಸ್ಟೈಲ್‌ನಲ್ಲಿ ಪಾದ ಹಿಂದಕ್ಕೆ ಚಾಚಿರಬೇಕು. ಪಾದದ ಮೇಲ್ಭಾಗ ಬಿಗಿಯಿದ್ದರೆ ಕಾಲು ಬಡಿದರೂ ಮುಂದೆ ಹೋಗುವುದಿಲ್ಲ. ಯೋಗ ಮಾಡಿದವರ ಪಾದ ಇಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ನೋವು ಎರಡು ವಾರಕ್ಕೂ ಇಳಿಯದಿದ್ದರೆ, ಇಲ್ಲಾ ರಾತ್ರಿ ಆ ಮಗ್ಗುಲು ಮಲಗಲು ಆಗದಿದ್ದರೆ, ಡಾಕ್ಟರಿಗೆ ತೋರಿಸಿ.

ಯಾವುದು ಮೊದಲು ಅಂದರೆ, ನನ್ನ ಅನುಭವದಲ್ಲಿ ಈಜುವ ಮುಂಚೆ ಐದು ನಿಮಿಷ ಮೈ ಸಡಿಲಿಸುವುದು, ತೋಳು ತಿರುಗಿಸುವುದು, ಎರಡು ಮೂರು ಸುತ್ತು ಹಗುರ ನಮಸ್ಕಾರ. ತುಂಬಾ ಹೊತ್ತು ಹಿಡಿದು ಎಳೆಯುವ ಆಸನಗಳು ಈಜಿನ ನಂತರ. ಉದ್ದಕ್ಕೆ ಎಳೆದ ಸ್ನಾಯು ತಕ್ಷಣಕ್ಕೆ ಪೂರ್ತಿ ಬಲ ಕೊಡುವುದಿಲ್ಲ, ಸಡಿಲ ಭುಜ ಇರುವವರಿಗೆ ಇನ್ನೂ ಕಷ್ಟ. ಈಜಿ ಬಂದು ಬಿಸಿನೀರಲ್ಲಿ ಸ್ನಾನ ಮಾಡಿ, ಬೆಚ್ಚಗೆ ಬಟ್ಟೆ ಹಾಕಿಕೊಂಡು ಕೂತರೆ ಮುಂದಕ್ಕೆ ಬಾಗುವ ಆಸನಗಳು ಎಷ್ಟು ಸಲೀಸಾಗಿ ಬರುತ್ತವೆ ನೋಡಿ. ಕಿವಿಯಲ್ಲಿ, ಮೂಗಿನಲ್ಲಿ ನೀರು ಇದ್ದಾಗ ಮಾತ್ರ ಶೀರ್ಷಾಸನ ಬೇಡ.

ಎರಡನೇ_ಲೇನ್:

ಒಂದು ಸಣ್ಣ ಎಚ್ಚರಿಕೆ. ಮುಂದೆ ಬ್ರೆಸ್ಟ್‌ಸ್ಟ್ರೋಕ್ (ಕಪ್ಪೆಯ ಹಾಗೆ ಕಾಲು ಒದೆಯುವ ಈಜು) ಕಲಿತರೆ ಮಂಡಿಯನ್ನು ಗಮನಿಸಿ. ಅದರ ಕಾಲಿನ ಹೊಡೆತ ಮಂಡಿಯ ಒಳಬದಿಗೆ ಭಾರ ಹಾಕುತ್ತದೆ, ಸೊಂಟ ಬಿಗಿಯಿರುವವರು ಬಲವಂತಕ್ಕೆ ಪದ್ಮಾಸನ ಹಾಕಿದರೂ ಮಂಡಿಯೇ ಸೋಲುವುದು. ನಾನು ಎರಡನ್ನೂ ಒಂದೇ ವಾರ ಜಾಸ್ತಿ ಮಾಡಿ ಎರಡು ತಿಂಗಳು ಮೆಟ್ಟಿಲು ಇಳಿಯಲು ಕಷ್ಟಪಟ್ಟೆ. ಈಗ ಬ್ಯಾಕ್‌ಸ್ಟ್ರೋಕ್ ಮಾಡುತ್ತೇನೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಬಾಗಿ ಕೂತವರಿಗೆ ಎದೆ ತೆರೆದು ಮಲಗಿ ಈಜುವುದು ಒಳ್ಳೆಯದು, ಉಸಿರಿಗೂ ತೊಂದರೆ ಇಲ್ಲ.

ಇನ್ನೊಂದು, ಉಳಿದುಕೊಳ್ಳುವ ಕಡೆಯ ಕೊಳ ಸಾಮಾನ್ಯವಾಗಿ ಚಿಕ್ಕದು. ನಾವು ಅಭ್ಯಾಸ ಮಾಡುವ 25 ಮೀಟರ್, 50 ಮೀಟರ್ ಕೊಳದ ಲೆಕ್ಕ ಅಲ್ಲಿ ಹಿಡಿಯಬೇಡಿ. ಸುತ್ತು ಎಣಿಸುವ ಬದಲು ಇಪ್ಪತ್ತು ನಿಮಿಷ ಅಂತ ಇಟ್ಟುಕೊಳ್ಳಿ. ಪದೇ ಪದೇ ಗೋಡೆ ಒದ್ದು ತಿರುಗಬೇಕಾಗುತ್ತದೆ, ಮೀನಖಂಡ ಹಿಡಿದುಕೊಂಡರೆ ಅಲ್ಲೇ ನಿಂತು ಹಿಮ್ಮಡಿ ನೆಲಕ್ಕೆ ಒತ್ತಿ.

ಕಾಲಲ್ಲಿ_ಚಕ್ರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮ ಉತ್ತರ ಓದಿ ಕೈ ತಣ್ಣಗಾಯಿತು. ಎರಡು ಸಲವೂ ಕೊಳದಲ್ಲಿ ನಾನೊಬ್ಬಳೇ ಇದ್ದೆ. ಇನ್ನು ಮಾಡುವುದಿಲ್ಲ. ಜೊತೆಗೆ ಯೋಗ ಮಾಡುವ ಇಬ್ಬರು ಗೆಳತಿಯರಿಗೂ ಹೇಳಿದ್ದೇನೆ, ಅವರಿಗೂ ಇದು ಗೊತ್ತಿರಲಿಲ್ಲ.

ಮೂರು ವಾರ ಬಿಟ್ಟು ಬರೆಯುತ್ತೇನೆ.

ಕಾಲಲ್ಲಿ_ಚಕ್ರ:

ಬಂದೆ. ಒಂಬತ್ತು ದಿನದ ಪ್ರಯಾಣ ಮುಗಿಸಿದೆ. ಎಂಟು ದಿನ ಅಭ್ಯಾಸ ಆಯಿತು, ಅದರಲ್ಲಿ ಒಂದು ದಿನ ಬರೀ ಗೋಡೆಗೆ ಕಾಲು. ಚಾಪೆ ಹಾಸಿ ಮಲಗುವ ಉಪಾಯಕ್ಕೆ ಅಕ್ಕ, ನಿಮಗೆ ದೊಡ್ಡ ನಮಸ್ಕಾರ. ಕತ್ತಲಲ್ಲಿ ಕಾಲಿಗೆ ಚಾಪೆಯ ಒರಟು ತಗುಲಿದ ತಕ್ಷಣ ಮೈ ತಾನೇ ಎದ್ದು ನಿಂತುಕೊಳ್ಳುತ್ತದೆ. ಈಜು ಮೂರು ದಿನ, ಆ ದಿನ ಚತುರಂಗ ಇಲ್ಲ. ಭುಜದ ಹಿಡಿತ ಪೂರ್ತಿ ಹೋಗಿಲ್ಲ, ಆದರೆ ಬಟ್ಟೆ ಹಾಕುವಾಗ ಈಗ ಗೊತ್ತಾಗುವುದಿಲ್ಲ. ಹೆಬ್ಬೆರಳೇ ಮೊದಲು ಹೋಗುತ್ತಿತ್ತು, ಮೇಷ್ಟ್ರು ಹೇಳಿದ ಹಾಗೇ. ವಾಪಸ್ ಬಂದ ಮರುದಿನ ಪಶ್ಚಿಮೋತ್ತಾನಾಸನದಲ್ಲಿ ಕೈ ಪಾದಕ್ಕೆ ಸಿಕ್ಕಿತು.

ಗುಳ್ಳೆ ಬಿಡುತ್ತಾ ಹೋಗುವುದು ಬಲಗಡೆಗೆ ಬಂದಿದೆ. ಎಡಕ್ಕೆ ಉಸಿರು ತಗೊಳ್ಳುವಾಗ ಮಾತ್ರ ಇನ್ನೂ ಬಾಯಿಗೆ ನೀರು ಬರುತ್ತದೆ. ಅದಕ್ಕೇನಾದರೂ ಇದ್ದರೆ ಹೇಳಿ ಮೇಷ್ಟ್ರೇ.

ನೀರಿನ_ಮೇಷ್ಟ್ರು:

ತಲೆ ಎತ್ತುತ್ತಿದ್ದೀರಿ, ಅದಕ್ಕೇ. ತಿರುಗಿಸಬೇಕು ಅಷ್ಟೇ. ಉಸಿರು ಎಳೆಯುವಾಗ ಒಂದು ಕಣ್ಣು ನೀರಿನಲ್ಲೇ ಇರಲಿ, ಒಂದು ಮಾತ್ರ ಹೊರಗೆ ಬರಲಿ. ಎಡಮಗ್ಗುಲು ಮೇಲೆ ಬರುವ ಹಾಗೆ ಮಲಗಿ, ಬಲಗೈ ಮುಂದೆ ಚಾಚಿ, ಕಿವಿ ಆ ತೋಳಿಗೆ ತಾಗಿಸಿ ಆರು ಸಲ ಕಾಲು ಬಡಿಯಿರಿ, ಆಮೇಲೆ ತೋಳು ಬದಲಿಸಿ. ಆಳ ಕಡಿಮೆ ಇರುವ ಕಡೆ ದಿನಕ್ಕೆ ಐದು ನಿಮಿಷ ಮಾಡಿ ನೋಡಿ.