ತಪ್ಪು ಬರೆದಿಟ್ಟರೂ ಸ್ಕೋರು ಏರವಲ್ದು: ಪಿಸ್ತೂಲ್ ಶೂಟಿಂಗ್ ಮಾಡೋರು ನಿಮ್ಮ ಅನುಭವ ಹೇಳ್ರಿ

ಕೇಳಿದವರು: ವಿದ್ಯಾನಗರ, ಹುಬ್ಬಳ್ಳಿ

ಎಲ್ಲಾರಿಗೂ ನಮಸ್ಕಾರ್ರಿ. ನಾನು ಬಿ.ಕಾಂ ಓದಾಕತ್ತೀನಿ, ಜೋಡಿಗೆ 10 ಮೀಟರ್ ಏರ್ ಪಿಸ್ತೂಲ್ ಮಾಡ್ತೀನಿ. ಪ್ರ್ಯಾಕ್ಟೀಸ್ ಮುಗಿದ ಮ್ಯಾಲೆ ಆವತ್ತಿನ ತಪ್ಪೆಲ್ಲ ಡೈರಿಯೊಳಗ ಬರೆದಿಡೋ ರೂಢಿ ಐತಿ. "ಟ್ರಿಗರ್ ಜರ್ಕ್ ಆತು", "ಕಾನ್ಸಂಟ್ರೇಷನ್ ಇರಲಿಲ್ಲ", "ಎರಡನೇ ಸೀರೀಸ್ ಕೆಟ್ಟಿತು", ಹಿಂಗ. ಹಿಂದಿನ ಪುಟ ತಿರುವಿ ನೋಡಿದ್ರ ಅವ ಮಾತು, ಅವ ತಪ್ಪು. 60 ಶಾಟಿನ ಸ್ಕೋರು 600ಕ್ಕ 550ರ ಆಸುಪಾಸಿನಾಗ ನಿಂತುಬಿಟ್ಟೈತಿ. ಮುಂದ ಮ್ಯಾಚ್ ಅದಾವು. ತಪ್ಪಿನಿಂದ ಕಲೀಬೇಕು ಅಂತ ಎಲ್ಲಾರೂ ಹೇಳ್ತಾರ, ಹೆಂಗ ಕಲೀಬೇಕು ಅನ್ನೂದನ್ನ ಯಾರೂ ಬಿಡಿಸಿ ಹೇಳವಲ್ರು. ನೀವು ಏನ್ ಮಾಡ್ತೀರಿ, ಬರೀರಿ. ಬ್ಯಾರೆ ಪಿಸ್ತೂಲ್ ಇವೆಂಟ್ ಮಾಡೋರೂ ಹೇಳ್ರಿ.

ಸಪ್ತಾಪುರ, ಧಾರವಾಡ

ತಂಗಿ, "ಕಾನ್ಸಂಟ್ರೇಷನ್ ಇರಲಿಲ್ಲ" ಅಂತ ಬರೆದದ್ದನ್ನ ಮರುದಿನ ಓದಿದ್ರ ಏನು ಮಾಡಬೇಕು ಅಂತ ತಿಳೀತೈತೇನು? ತಿಳಿಯೂದಿಲ್ಲ. ಅಂಥ ಸಾಲು ಬರೀಬ್ಯಾಡ. ಶಾಟ್ ಹೋದ ಗಳಿಗಿಗೆ ನಿನ್ನ ಕಣ್ಣಿಗೆ ಏನು ಕಂಡಿತ್ತು, ಅದನ್ನ ಬರಿ. ಸ್ಕೋರು ಆಮ್ಯಾಲೆ.

ನಾನು ಇಲ್ಲಿ ಹೊಸದಾಗಿ ಬಂದ ಹುಡುಗರಿಗೆ ಕಲಿಸ್ತೀನಿ. ಅವರಿಗೆಲ್ಲ ಒಂದ ಪಟ್ಟು ಹಿಡಿಸ್ತೀನಿ. ಶಾಟ್ ಎಲ್ಲಿ ಬಿತ್ತು ಅಂತ ತೋರಿಸೋ ಮಾನಿಟರ್‌ಗೆ ಒಂದು ರಟ್ಟು ಮುಚ್ಚು. ಶಾಟ್ ಹೋದ ಮ್ಯಾಲೆ ಒಂದೆರಡು ಸೆಕೆಂಡ್ ಹಂಗ ಹಿಡಿ, ಆಮ್ಯಾಲೆ ಕೈ ಇಳಿಸಿ "ಒಂಬತ್ತು, ಬಲಕ್ಕ" ಅಂತ ಬಾಯಿಬಿಟ್ಟು ಹೇಳು. ಹೇಳಿದ ಮ್ಯಾಲೆ ರಟ್ಟು ಸರಿಸು. ಶೂಟರ್ಸ್ ಇದಕ್ಕ ಕಾಲ್ ಮಾಡೂದು ಅಂತಾರ. ಹೇಳಿದ್ದೂ ಬಿದ್ದದ್ದೂ ಹೊಂದಿದ್ರ, ಶಾಟ್ ಕೆಟ್ಟದಿದ್ರೂ ನಿನ್ನ ಕಣ್ಣು ತನ್ನ ಕೆಲಸ ಮಾಡೈತಿ; ಬಿಡಬಾರದ ಹೊತ್ತಿನಾಗ ಬಿಟ್ಟಿ, ಅಷ್ಟ. "ಹತ್ತು" ಅಂದು ಏಳು ಬಿತ್ತಂದ್ರ ಅದು ಬ್ಯಾರೆ ಕಥಿ. ಕೊನೀ ಗಳಿಗಿಯೊಳಗ ಕಣ್ಣು ಫ್ರಂಟ್ ಸೈಟ್ (ಬ್ಯಾರಲ್ ತುದಿ ಮ್ಯಾಲಿನ ಗುರಿ ಕಡ್ಡಿ) ಬಿಟ್ಟು ಟಾರ್ಗೆಟ್ ಕಡೆ ಓಡಿರತೈತಿ, ಇಲ್ಲಾಂದ್ರ ಬೆರಳಿನ ಜೋಡಿ ಇಡೀ ಮುಷ್ಟಿ ಬಿಗಿದಿರತೈತಿ. ಕಾಲ್ ಹೊಂದಿದ ಕೆಟ್ಟ ಶಾಟಿಗೆ ಮದ್ದು ತಾಳ್ಮಿ, ಹೊಂದದ್ದಕ್ಕ ಮದ್ದು ಡ್ರೈ ಫೈರ್, ಅಂದ್ರ ಗುಂಡು ಹಾಕದ ಬರೇ ಟ್ರಿಗರ್ ಒತ್ತೋ ಅಭ್ಯಾಸ. ನಿನ್ನ ಡೈರಿಯೊಳಗ ಎರಡೂ "ಜರ್ಕ್" ಅಂತ ಒಂದ ಹೆಸರಿನಾಗ ಕುಂತಾವು, ಅದಕ್ಕ ಒಂದೂ ಹೋಗವಲ್ದು.

ಫ್ರಂಟ್ ಸೈಟ್ ಫ್ರಂಟ್ ಸೈಟ್ ಅಂತ ಯಾಕ ಬಡ್ಕೋತೀವಿ ಅಂದ್ರ, ಲೆಕ್ಕ ನೋಡು. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ ಸುಮಾರು 33 ಸೆಂಟಿಮೀಟರ್ ಅಂತರ ಹಿಡಿ. ಟಾರ್ಗೆಟ್ 10 ಮೀಟರ್ ದೂರ, ಅಂದ್ರ ಅದರ 30 ಪಟ್ಟು. ಫ್ರಂಟ್ ಸೈಟ್ ಹಿಂದಿನ ಸೈಟಿನ ಸಂದಿಯೊಳಗ 1 ಮಿಲಿಮೀಟರ್ ಸರಿದ್ರ ಪೆಲೆಟ್ (ಸಣ್ಣ ಗುಂಡು) ಅಲ್ಲಿ 30 ಮಿಲಿಮೀಟರ್ ಸರೀತೈತಿ. ಹತ್ತರ ರಿಂಗಿನ ಅಗಲ 11.5 ಮಿಲಿಮೀಟರ್, ಆಮ್ಯಾಲಿನ ರಿಂಗುಗಳು 8 ಮಿಲಿಮೀಟರಿಗೊಂದು. ಆ 1 ಮಿಲಿಮೀಟರಿಗೆ ಏಳು ಬೀಳತೈತಿ. ಅದ ಸೈಟ್ ಎರಡೂ ಸರಿ ಕೂಡಿದ್ದು, ಇಡೀ ಕೈ 5 ಮಿಲಿಮೀಟರ್ ಪಕ್ಕಕ್ಕ ತೇಲಿದ್ರೂ ಹತ್ತ ಬೀಳತೈತಿ. ಹುಡುಗ್ರು ಕೈ ಅಲ್ಲಾಡತೈತಿ ಅಂತ ಅಂಜತಾರ. ಅಲ್ಲಾಡಲಿ ಬಿಡು, ಎಲ್ಲಾರ ಕೈನೂ ಅಲ್ಲಾಡತೈತಿ. ಆ ಅಲ್ಲಾಟ ನಿಲ್ಲಿಸಾಕ ಹೋಗಿ, ನಟ್ಟ ನಡುವ ಬಂದ ಕೂಡಲೇ "ಈಗ!" ಅಂತ ಟ್ರಿಗರ್ ಕಸೀತಾರಲ್ಲ, ಆವಾಗ ಸೈಟ್ ವಾರಿ ಆಗತೈತಿ.

ಇದನ್ನ ಬಿಡಿಸಾಕ ಟಾರ್ಗೆಟ್ ತಿರುವಿ ಬಿಳೀ ಬೆನ್ನು ಈ ಕಡೆ ಮಾಡಿ ಹೊಡಸ್ತೀನಿ. ಗುರಿ ಇಲ್ಲ, ನಂಬರ್ ಇಲ್ಲ, ಕಣ್ಣಿಗೆ ಸೈಟ್ ಬಿಟ್ಟು ನೋಡಾಕ ಬ್ಯಾರೆ ಏನೂ ಇಲ್ಲ. ಮೊದಲೆರಡು ದಿನ ಬ್ಯಾಸರ ಮಾಡ್ಕೋತಾರ. ಆಮ್ಯಾಲೆ ಆ ಬಿಳೀ ಹಾಳಿ ಮ್ಯಾಲಿನ ಗ್ರೂಪು (ಎಲ್ಲಾ ಶಾಟ್ ಬಿದ್ದ ಗುಂಪು) ಕರೀ ಟಾರ್ಗೆಟಿನ ಗ್ರೂಪಿಗಿಂತ ಸಣ್ಣದು ಬಂದಿದ್ದು ನೋಡಿ ಅವರ ಸುಮ್ಮನಾಗ್ತಾರ.

ಕೇಶವಾಪುರ, ಹುಬ್ಬಳ್ಳಿ

ಮ್ಯಾಲಿನ ಸರ್ ಹೇಳಿದ್ದು ಖರೆ. ನಾನು 25 ಮೀಟರ್ ಮಾಡ್ತೀನಿ, ಎರಡು ಮಾತು ಸೇರಿಸ್ತೀನಿ.

ಗಡಿಯಾರದ ಹಂಗ ಭಾಗ ಮಾಡಿದ ಒಂದು ಚಿತ್ರ ಎಲ್ಲಾರ ಮೊಬೈಲ್‌ನಾಗೂ ಇರತೈತಿ: ಕೆಳಗ ಎಡಕ್ಕ ಬಿದ್ರ ಟ್ರಿಗರ್ ಜರ್ಕ್, ಮ್ಯಾಲೆ ಬಿದ್ರ ಅಂಗೈ ಒತ್ತಿದ್ದು, ಹಿಂಗ. ಅದು ಬಲಗೈಯವರಿಗೆ ಮಾಡಿದ ಚಿತ್ರ, ಅದೂ ಒಂದು ಗ್ರೂಪಿಗೆ. ಒಂದ ಒಂದು ಶಾಟ್ ನೋಡಿ ಅದರಿಂದ ರೋಗ ಹೇಳಾಕ ಬರೂದಿಲ್ಲ. ನಮ್ಮ ರೇಂಜಿಗೆ ಬರೋ ಒಬ್ಬ ಹುಡುಗ ಎಡಗೈಯವ, ಆ ಚಿತ್ರ ನಂಬಿ ಭಾಳ ದಿನ ಇಲ್ಲದ ತಪ್ಪು ತಿದ್ದಕೋತ ಕುಂತಿದ್ದ.

ಇನ್ನೊಂದು, ಸೈಟಿನ ಕ್ಲಿಕ್, ಅಂದ್ರ ಸೈಟ್ ಆಚೀಚೆ ಸರಿಸೋ ತಿರುಪು. ಎಂಟು ಬಿತ್ತು ಅಂತ ಕ್ಲಿಕ್ ತಿರುವಬಾರದು. ಐದಾರು ಶಾಟ್ ಒಂದ ಕಡೆ ಕೂಡಿ ಬಿದ್ದು, ನೀವು ಕಾಲ್ ಮಾಡಿದ್ದು ಮಾತ್ರ ನಡುವ ಇದ್ರ ಆವಾಗ ತಿರುವ್ರಿ. ಎಷ್ಟು ಕ್ಲಿಕ್, ಯಾವ ಕಡೆ, ರೇಂಜಿನ ಬೆಳಕು ಹೆಂಗಿತ್ತು, ಇಷ್ಟು ಡೈರಿಯೊಳಗ ಇರಲಿ. ಜುಲೈ ತಿಂಗಳ ಮೋಡದ ಬೆಳಕಿನಾಗ ಇಟ್ಟ ಸೈಟು ಏಪ್ರಿಲ್ ಬಿಸಲಿಗೆ ಹೊಂದೂದಿಲ್ಲ.

ಮೂಲ ಗದಗ-ಬೆಟಗೇರಿ, ಈಗ ಟೆಕ್ಸಾಸ್

ತಂಗಿ, ಬೇರೆ ಪಿಸ್ತೂಲ್ ಇವೆಂಟಿನವರೂ ಹೇಳಿ ಅಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನಾನು ಇಲ್ಲಿ ಮಾಡೋದು ಪ್ರಾಕ್ಟಿಕಲ್ ಶೂಟಿಂಗ್. ನಿಮ್ಮದು ನಿಂತಲ್ಲೇ ನಿಂತು ಹೊಡೆಯುವ ಆಟ. ನಮ್ಮಲ್ಲಿ ಟೈಮರ್ ಬೀಪ್ ಅಂದ ಕೂಡಲೇ ಹೋಲ್ಸ್ಟರಿನಿಂದ ಪಿಸ್ತೂಲ್ ತೆಗೆದು, ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಓಡಿ, ಗೋಡೆಯ ಮರೆಯಿಂದ, ಕಿಟಕಿಯಿಂದ ಹೊಡೆಯಬೇಕು. ನಡುವೆ ಮ್ಯಾಗಜಿನ್ ಬದಲಿಸಬೇಕು. ಇದರ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ 1976ರಲ್ಲಿ ಇದೇ ಅಮೆರಿಕದ ಮಿಸೌರಿ ರಾಜ್ಯದಲ್ಲಿ ಹುಟ್ಟಿದ್ದು. ನಿಖರತೆ, ಶಕ್ತಿ, ವೇಗ ಮೂರೂ ಸಮ ತೂಗಬೇಕು ಅನ್ನೋದು ಅದರ ಧ್ಯೇಯ.

ತಪ್ಪಿನ ವಿಷಯದಲ್ಲಿ ಈ ಆಟ ಕಲಿಸಿದ ದೊಡ್ಡ ಪಾಠ ಅಂದರೆ, ಪ್ರತಿ ತಪ್ಪಿಗೂ ಒಂದು ಬೆಲೆ ಇರುತ್ತೆ, ಅದನ್ನು ಲೆಕ್ಕ ಹಾಕದೆ ಯಾವುದನ್ನು ತಿದ್ದಬೇಕು ಅಂತ ಗೊತ್ತಾಗೋದಿಲ್ಲ. ನಮ್ಮ ಸ್ಕೋರು ಅಂದರೆ ಪಾಯಿಂಟುಗಳನ್ನು ಸೆಕೆಂಡುಗಳಿಂದ ಭಾಗಿಸಿದ್ದು, ಹಿಟ್ ಫ್ಯಾಕ್ಟರ್ ಅಂತಾರೆ. ಟಾರ್ಗೆಟಿನ ನಡುವಿನ ಎ ವಲಯಕ್ಕೆ 5 ಪಾಯಿಂಟು, ಮೈನರ್ ಪವರಿನ (ಕಡಿಮೆ ಶಕ್ತಿಯ ಗುಂಡಿನ) ಪಿಸ್ತೂಲಾದರೆ ಸಿ ವಲಯಕ್ಕೆ 3, ಡಿಗೆ 1. ಗುಂಡು ಟಾರ್ಗೆಟಿಗೇ ತಾಗದಿದ್ದರೆ ಬರಬೇಕಿದ್ದ 5 ಹೋಗುತ್ತೆ, ಮೇಲೆ 10 ದಂಡ. ಈಗ ಒಂದು ಸ್ಟೇಜಿನಲ್ಲಿ (ಮ್ಯಾಚಿನ ಒಂದು ಸುತ್ತು) 18 ಸೆಕೆಂಡಿಗೆ 108 ಪಾಯಿಂಟು ಮಾಡಿದೆವು ಅನ್ನಿ, ಹಿಟ್ ಫ್ಯಾಕ್ಟರ್ 6. ಅಂದರೆ ಒಂದು ಸೆಕೆಂಡಿನ ಬೆಲೆ 6 ಪಾಯಿಂಟು. ಎ ಬದಲು ಸಿ ಬಿದ್ದರೆ ಹೋದದ್ದು 2 ಪಾಯಿಂಟು, ಸೆಕೆಂಡಿನ ಮೂರನೇ ಒಂದು ಭಾಗ. ಒಂದು ಮಿಸ್ ಆದರೆ 15 ಪಾಯಿಂಟು, ಎರಡೂವರೆ ಸೆಕೆಂಡು! ಮ್ಯಾಗಜಿನ್ ಬದಲಿಸುವಾಗ ನಡೆಯದೆ ನಿಂತುಬಿಟ್ಟರೆ ಒಂದು, ಒಂದೂವರೆ ಸೆಕೆಂಡು.

ಇಲ್ಲಿ ಹೊಸಬರೆಲ್ಲ ಟ್ರಿಗರ್ ಬೇಗ ಬೇಗ ಒತ್ತೋದನ್ನೇ ಅಭ್ಯಾಸ ಮಾಡುತ್ತಾರೆ. ಒಂದು ಗುಂಡಿನಿಂದ ಇನ್ನೊಂದಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಸೋದಕ್ಕೆ ಅಷ್ಟು ಒದ್ದಾಟ. ಮೊಬೈಲ್ ವಿಡಿಯೋ ತೆಗೆದು ನೋಡಿದರೆ ಸಮಯ ಸೋರಿರೋದು ಗುಂಡು ಹಾರದ ಹೊತ್ತಿನಲ್ಲಿ: ಹೊಸ ಜಾಗಕ್ಕೆ ಬಂದು ನಿಂತಾಯಿತು, ಪಿಸ್ತೂಲ್ ಇನ್ನೂ ಸೊಂಟದ ಹತ್ತಿರ, ಅಲ್ಲಿಂದ ಎತ್ತಿ, ಸೈಟ್ ಹುಡುಕಿ, ಆಮೇಲೆ ಹೊಡೆತ. ಬರುವಾಗಲೇ ಎತ್ತಿಕೊಂಡು ಬಂದಿದ್ದರೆ ಮುಗಿದಿತ್ತು. ವಿಡಿಯೋ ಹಾಕಿ, ಗುಂಡಿನ ಸದ್ದು ಇಲ್ಲದ ಭಾಗಗಳನ್ನಷ್ಟೇ ಗಡಿಯಾರ ಹಿಡಿದು ಅಳೆಯೋದು ನನ್ನ ಪದ್ಧತಿ. ಅಷ್ಟರಲ್ಲೇ ಆ ವಾರದ ಅಭ್ಯಾಸ ಏನು ಅಂತ ತೀರ್ಮಾನ ಆಗಿಬಿಡುತ್ತೆ.

ಸ್ಟೇಜ್ ಮರೆಯೋದು ಇನ್ನೊಂದು ತಪ್ಪು. ಶುರುವಾಗೋ ಮೊದಲು ನಡೆದು ನೋಡಲು ಸಮಯ ಕೊಡುತ್ತಾರೆ. ಕಣ್ಣು ಮುಚ್ಚಿಕೊಂಡು, ಎಲ್ಲಿ ನಿಂತು ಯಾವ ಟಾರ್ಗೆಟ್, ಎಲ್ಲಿ ಮ್ಯಾಗಜಿನ್ ಅಂತ ತಡೆಯಿಲ್ಲದೆ ಹೇಳಲು ಬರೋವರೆಗೂ ನಾನು ಸಾಲಿನಲ್ಲಿ ಯಾರ ಜೊತೆಗೂ ಮಾತಾಡೋದಿಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಓಡುವಾಗ, ಮ್ಯಾಗಜಿನ್ ಬದಲಿಸುವಾಗ ಬೆರಳು ಟ್ರಿಗರ್ ಗಾರ್ಡಿನ ಒಳಗಿದ್ದರೆ, ಪಿಸ್ತೂಲಿನ ಬಾಯಿ ಸುರಕ್ಷಿತ ಕೋನ ದಾಟಿದರೆ, ರೇಂಜ್ ಆಫೀಸರ್ "ಸ್ಟಾಪ್" ಅಂತ ಕೂಗುತ್ತಾರೆ. ಅಲ್ಲಿಗೆ ಇಡೀ ಮ್ಯಾಚ್ ಮುಗೀತು, ಮನೆಗೆ. ಎಷ್ಟೇ ದೊಡ್ಡ ಶೂಟರ್ ಆದರೂ ರಿಯಾಯಿತಿ ಇಲ್ಲ, ಇರಲೂ ಬಾರದು. ಮಾಡಿ ಕಲಿಯುವ ತಪ್ಪುಗಳ ಪಟ್ಟಿಗೆ ಇವು ಸೇರೋದೇ ಇಲ್ಲ.

ನಿಮಗೆ ಇದರಲ್ಲಿ ಉಪಯೋಗಕ್ಕೆ ಬರೋದು ಬೆಲೆಯ ಲೆಕ್ಕ. ನಿಮ್ಮ 60 ಶಾಟಿನಲ್ಲಿ ಪಾಯಿಂಟು ಎಲ್ಲಿ ಹೋಗ್ತಿದೆ ನೋಡಿ. ಒಂಬತ್ತುಗಳಿಂದಲೋ, ನಾಲ್ಕೈದು ಏಳುಗಳಿಂದಲೋ? ಏಳುಗಳಿಂದ ಅಂದರೆ ಹೋಲ್ಡಿಂಗ್ ಗಟ್ಟಿ ಮಾಡೋ ವ್ಯಾಯಾಮಕ್ಕಿಂತ ಮೊದಲು ಆ ಶಾಟುಗಳನ್ನು ಬಿಡದೆ ಕೈ ಇಳಿಸೋದನ್ನು ಕಲಿಯಬೇಕು.

ಕೇಳಿದವರು: ವಿದ್ಯಾನಗರ, ಹುಬ್ಬಳ್ಳಿ

ಅಣ್ಣಾರ, ಕೂಡಿಸಿ ನೋಡಿದೆ. ಖರೇನ, ಏಳು ಎಂಟರಿಂದನ ಭಾಳ ಹೋಗೈತಿ. ಅವು ಒಂದರ ಹಿಂದ ಒಂದು ಬಿದ್ದಾವು. ಮ್ಯಾಚಿನಾಗ ಒಂದು ಏಳು ಬಿತ್ತಂದ್ರ ಮುಂದಿನ ನಾಲ್ಕೈದು ಶಾಟ್ ಕೈಯಾಗ ಇರೂದಿಲ್ಲ. ಅದಕ್ಕೇನು ಮಾಡೂದು?

ರಾಣೆಬೆನ್ನೂರು

ಸೈನ್ಯದಿಂದ ನಿವೃತ್ತಿಯಾದವನು ನಾನು. ಈಗ ಮ್ಯಾಚುಗಳಲ್ಲಿ ರೇಂಜ್ ಮೇಲೆ ಕೆಲಸ ಮಾಡ್ತೀನಿ. ಹಿಂದೆ ನಿಂತು ನೋಡೋರಿಗೆ ಈ ತಪ್ಪು ಬಲು ಬೇಗ ಕಾಣಿಸುತ್ತೆ ಮಗಳೇ. ಕೆಟ್ಟ ಶಾಟ್ ಬಿದ್ದ ಕೂಡಲೇ ಹುಡುಗರು ಮುಂದಿನ ಪೆಲೆಟ್ ಅವಸರದಲ್ಲಿ ತುಂಬುತ್ತಾರೆ. ಹೋದದ್ದನ್ನ ಈಗಲೇ ವಾಪಸ್ ತರಬೇಕು ಅನ್ನೋ ಹಾಗೆ. ಆಮೇಲೆ ಕೈ ಎತ್ತಿ ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ಹಿಡೀತಾರೆ. ಹಿಡಿದಷ್ಟೂ ಕಣ್ಣು ಮಂಜಾಗುತ್ತೆ, ಭುಜ ಸೋಲುತ್ತೆ, ಕೊನೆಗೆ ಸಾಕಾಗಿ ಬಿಡ್ತಾರೆ. ಇನ್ನೊಂದು ಏಳು.

ಎಲೆಕ್ಟ್ರಾನಿಕ್ ಟಾರ್ಗೆಟ್‌ನಲ್ಲಿ 60 ಶಾಟಿಗೆ 75 ನಿಮಿಷ ಕೊಡ್ತಾರೆ. ತಯಾರಿಗೆ, ಸೈಟರ್ (ಲೆಕ್ಕಕ್ಕಿಲ್ಲದ ಪರೀಕ್ಷೆ ಶಾಟ್) ಹೊಡೆಯೋಕೆ ಅದಕ್ಕೂ ಮೊದಲು 15 ನಿಮಿಷ ಬೇರೆ. ಒಂದು ಶಾಟಿಗೆ ಒಂದೂಕಾಲು ನಿಮಿಷ ಆಯ್ತು, ಬೇಕಾದಷ್ಟು ಸಮಯ. ಏಳು ಬಿದ್ದರೆ ಪಿಸ್ತೂಲ್ ಟೇಬಲ್ ಮೇಲೆ ಇಡು. ಗ್ರಿಪ್ ಪೂರ್ತಿ ಬಿಡು. ನೀರು ಕುಡಿ. ಪಾದ ಎತ್ತಿ ಹೊಸದಾಗಿ ನಿಲ್ಲು. ಮೊದಲ ಶಾಟಿನಂತೆ ಗ್ರಿಪ್ ಹಿಡಿದು ಶುರು ಮಾಡು. ಎಂಟು ಸೆಕೆಂಡಿನೊಳಗೆ ಶಾಟ್ ಹೋಗದಿದ್ದರೆ ಕೈ ಇಳಿಸು. ಹಾಗೆ ಇಳಿಸಿದ್ದು ಎಷ್ಟು ಸಲ ಅಂತ ಡೈರಿಯಲ್ಲಿ ಬರಿ. ಆ ಸಂಖ್ಯೆ ಮೊದಮೊದಲು ಏರಿದರೆ ಒಳ್ಳೇ ಲಕ್ಷಣ.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಸರಬ್ಜೋತ್ ಸಿಂಗ್ 10 ಮೀಟರ್ ಏರ್ ಪಿಸ್ತೂಲಿನಲ್ಲಿ 577 ಹೊಡೆದ. ಫೈನಲ್ ಎಂಟು ಮಂದಿಗೆ, ಎಂಟನೆಯವನದ್ದೂ 577. ಇವನದ್ದು 16 ಇನ್ನರ್ ಟೆನ್ (ಹತ್ತರ ರಿಂಗಿನ ನಟ್ಟ ನಡುವೆ ಬಿದ್ದ ಶಾಟ್), ಆ ಜರ್ಮನಿಯವನದ್ದು 17. ಅಷ್ಟಕ್ಕೇ ಫೈನಲ್ ತಪ್ಪಿತು. ಮೂರು ದಿನ ಕಳೆದು ಅದೇ ಹುಡುಗ ಮನು ಭಾಕರ್ ಜೊತೆ ಮಿಕ್ಸೆಡ್ ಟೀಮಿನಲ್ಲಿ ಕೊರಿಯಾದವರನ್ನ 16-10ರಿಂದ ಸೋಲಿಸಿ ಕಂಚು ತಂದ. ಅವನ ಮನಸ್ಸಿನಲ್ಲಿ ಏನಿತ್ತು ನಾನು ಹೇಳಲಾರೆ, ಆದರೆ ಮೂರು ದಿನದಲ್ಲಿ ಅದನ್ನ ಇಳಿಸಿಟ್ಟು ಬಂದದ್ದು ಎಲ್ಲರಿಗೂ ಕಂಡಿತು.

ಮನು ಭಾಕರ್ ಹೆಸರು ಬಂತಲ್ಲ, ಇನ್ನೊಂದು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕ್ವಾಲಿಫಿಕೇಷನ್ ನಡುವೆಯೇ ಆಕೆಯ ಪಿಸ್ತೂಲ್ ಕೈಕೊಟ್ಟಿತು. ರಿಪೇರಿಗೆ ಸಮಯ ಹೋಗಿ 575ಕ್ಕೆ ನಿಂತು 12ನೇ ಸ್ಥಾನ. ಡೈರಿಯಲ್ಲಿ ಪಿಸ್ತೂಲಿಗೇ ಒಂದು ಬೇರೆ ಪುಟ ಇಡು. ಸಿಲಿಂಡರಿನ ಗಾಳಿ, ಅದರ ಅವಧಿ ಮುಗಿಯುವ ದಿನ, ಸ್ಕ್ರೂಗಳು, ಟ್ರಿಗರ್ ನಿಯಮದಂತೆ ಕನಿಷ್ಠ 500 ಗ್ರಾಂ ತೂಕ ಎತ್ತುತ್ತದೋ ಇಲ್ಲವೋ. ಸಾಮಾನಿನ ದೋಷವನ್ನ ನಿನ್ನ ದೋಷ ಅಂತ ಬರೆದುಕೊಂಡು ಕೊರಗಬೇಡ.

ಮಾಳಮಡ್ಡಿ, ಧಾರವಾಡ

ನಾ ಶೂಟರ್ ಅಲ್ಲ, ಶೂಟರ್ ಹುಡುಗನ ತಾಯಿ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಾಗ ವಾಪಸ್ ಬರೋ ಮುಂದ ಅವ ತನ್ನ ಡೈರಿ ಬರೀತಾನ. ಅವನ ಕೋಚ್ ಒಂದು ನಿಯಮ ಹಾಕ್ಯಾರ, ಭಾಳ ಚಲೋ ಅನ್ನಿಸ್ತು, ಅದಕ್ಕ ಹೇಳ್ತೀನಿ. ಕೆಟ್ಟ ಶಾಟ್ ಒಂದು ಬರದ್ರ, ಚಲೋ ಶಾಟ್ ಒಂದು ಅಷ್ಟೇ ವಿವರವಾಗಿ ಬರೀಬೇಕು. ಉಸಿರು ಎಲ್ಲಿ ನಿಂತಿತ್ತು, ಬೆರಳಿನ ಯಾವ ಭಾಗ ಟ್ರಿಗರ್ ಮ್ಯಾಲಿತ್ತು, ಸೈಟಿನ ಎರಡೂ ಕಡೆ ಬೆಳಕು ಸಮ ಇತ್ತೋ ಇಲ್ಲೋ. ಮ್ಯಾಚಿನ ಹಿಂದಿನ ರಾತ್ರಿ ಅವ ಚಲೋ ಶಾಟಿನ ಸಾಲುಗಳನ್ನಷ್ಟ ಓದ್ತಾನ. ತಪ್ಪಿನ ಸಾಲು ಪ್ರ್ಯಾಕ್ಟೀಸ್ ದಿನಕ್ಕ.

ಕೇಳಿದವರು: ವಿದ್ಯಾನಗರ, ಹುಬ್ಬಳ್ಳಿ

ಅಕ್ಕಾರ, ಇದು ನನಗ ಹೊಳೆದಿದ್ದಿಲ್ಲ. ನಾಳಿಂದ ಮಾಡ್ತೀನಿ. ಸಪ್ತಾಪುರದ ಸರ್, ಡ್ರೈ ಫೈರ್ ಮನ್ಯಾಗ ಮಾಡಿದ್ರ ನಡೀತೈತೇನ್ರಿ? ರೇಂಜಿಗೆ ದಿನಾ ಹೋಗಾಕ ಆಗೂದಿಲ್ಲ.

ಸಪ್ತಾಪುರ, ಧಾರವಾಡ

ನಡೀತೈತಿ, ಮಾಡಾಕ ಬೇಕು. ಪೆಲೆಟ್ ಡಬ್ಬಿ ಬ್ಯಾರೆ ಖೋಲ್ಯಾಗ ಇಡು. ಬ್ಯಾರಲ್ ಖಾಲಿ ಐತಿ ಅಂತ ಕಣ್ಣಿಲೆ ನೋಡಿ, ಪಿಸ್ತೂಲಿನ ಡ್ರೈ ಫೈರ್ ವ್ಯವಸ್ಥಾಕ್ಕ ತಿರುವು. ಬಾಗಿಲ, ಕಿಟಕಿ ಇಲ್ಲದ ಗ್ವಾಡಿ ಆರಿಸ್ಕೊ, ಆ ಕಡೆ ಯಾರೂ ಓಡಾಡಬಾರದು. ಗ್ವಾಡಿಗೆ ಖಾಲಿ ಬಿಳೀ ಹಾಳಿ ಅಂಟಿಸು. 20 ನಿಮಿಷ ಸಾಕು, ಕೈ ದಣಿದ ಮ್ಯಾಲೆ ಮಾಡಿದ್ದು ತಪ್ಪನ್ನ ರೂಢಿ ಮಾಡಸ್ತೈತಿ. ಮನ್ಯಾಗ ಸಣ್ಣ ಹುಡುಗರಿದ್ರ ಅವರು ಮಲಗಿದ ಮ್ಯಾಲೆ ಮಾಡು, ಮುಗಿದ ಕೂಡಲೇ ಸೇಫ್ಟಿ ಫ್ಲ್ಯಾಗ್ (ಬ್ಯಾರಲ್ ಖಾಲಿ ಅಂತ ತೋರಿಸೋ ದಾರ) ಹಾಕಿ ಪೆಟ್ಟಿಗಿ ಕೀಲಿ ಹಾಕು.