ಬಿ ಬ್ಲಾಕಿನ ಹಳೇ ಮನೆಗೆ ಒಂದೂವರೆ ಕೋಟಿ: ಮೌಲ್ಯಮಾಪಕರ ಜೊತೆ ಪ್ರಶ್ನೋತ್ತರ

ದಾವಣಗೆರೆಯ ನಮ್ಮ ಬಡಾವಣೆ ಗುಂಪಿನಲ್ಲಿ ಈ ವಾರ ಮನೆ, ಸೈಟಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿರುವವರು ಒಬ್ಬ ಸಿವಿಲ್ ಎಂಜಿನಿಯರ್. ಬ್ಯಾಂಕ್ ಸಾಲಕ್ಕೆ ಆಸ್ತಿ ಮೌಲ್ಯಮಾಪನ ಮಾಡಿಕೊಡುವುದು ಇವರ ಕೆಲಸ. ಕೇಳಿದವರ ಹೆಸರು, ಮನೆ ನಂಬರ್ ತೆಗೆದಿದ್ದೇವೆ.

ಪ್ರಶ್ನೆ: ಸರ್, ಎಂ.ಸಿ.ಸಿ. ಬಿ ಬ್ಲಾಕಿನಲ್ಲಿ ಒಂದು ಮನೆ ನೋಡಿದ್ದೇವೆ. 40-60 ಸೈಟ್, ಮನೆಗೆ ಸುಮಾರು 30 ವರ್ಷ, 1,800 ಚದರಡಿ ಕಟ್ಟಡ. ಯಜಮಾನರು ತೀರಿಕೊಂಡಿದ್ದಾರೆ. ಮಗ ಅಮೆರಿಕದಲ್ಲಿ, ಮಗಳು ಹುಬ್ಬಳ್ಳಿಯಲ್ಲಿ, ತಾಯಿ ಬೆಂಗಳೂರಿಗೆ ಹೋಗಿದ್ದಾರೆ. ಒಂದೂವರೆ ಕೋಟಿ ಹೇಳುತ್ತಿದ್ದಾರೆ. 90 ಲಕ್ಷಕ್ಕೆ ರಿಜಿಸ್ಟರ್ ಮಾಡಿಸೋಣ, ಉಳಿದದ್ದು ಕೈಗೆ ಕೊಡಿ ಅಂತಾರೆ. ನನ್ನ ಹೆಂಡತಿ ಡೆಂಟಿಸ್ಟ್, ಕಾಲೇಜಿಗೆ ನಡೆದೇ ಹೋಗಬಹುದು ಅಂತ ಅವಳಿಗೆ ಈ ಏರಿಯಾನೇ ಬೇಕು. ಈ ರೇಟಿಗೆ ತಗೋಬಹುದಾ?

ಉತ್ತರ: ಮೊದಲು ಕಟ್ಟಡದ ಬೆಲೆ ಎಷ್ಟು, ಜಾಗದ ಬೆಲೆ ಎಷ್ಟು ಅಂತ ಬೇರೆ ಮಾಡಿ. ನಮ್ಮೂರಿನಲ್ಲಿ ಯಾರೂ ಹಾಗೆ ಮಾಡುವುದಿಲ್ಲ. "ಬಿ ಬ್ಲಾಕ್, ಒಂದೂವರೆ" ಅಂದರೆ ಮುಗಿಯಿತು.

ಕಾಂಕ್ರೀಟ್ ತಾರಸಿ ಮನೆಗೆ ನಾವು ಸಾಮಾನ್ಯವಾಗಿ 60 ವರ್ಷ ಆಯಸ್ಸು ಹಿಡಿಯುತ್ತೇವೆ. ಕೊನೆಗೆ 10% ಬೆಲೆ ಉಳಿಯುತ್ತದೆ ಅಂತ ಲೆಕ್ಕ. 60 ವರ್ಷಕ್ಕೆ 90% ಇಳಿದರೆ, 30 ವರ್ಷದ ಮನೆಗೆ ಅದರ ಅರ್ಧ, ಅಂದರೆ 45% ಸವಕಳಿ (ಹಳತಾದದ್ದಕ್ಕೆ ಇಳಿಯುವ ಬೆಲೆ) ಬರುತ್ತದೆ. ಇವತ್ತು ಅದೇ ಮನೆ ಕಟ್ಟಲು ಚದರಡಿಗೆ 2,000 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. 36 ಲಕ್ಷ ಆಯಿತು. ಸವಕಳಿ ಕಳೆದರೆ 19.8 ಲಕ್ಷ. ಅಂದರೆ ಉಳಿದ ಒಂದು ಕೋಟಿ 30 ಲಕ್ಷ ಚಿಲ್ಲರೆಯನ್ನು ನೀವು ಕೊಡುತ್ತಿರುವುದು 2,400 ಚದರಡಿ ಜಾಗಕ್ಕೆ. ಚದರಡಿಗೆ 5,400ಕ್ಕಿಂತ ಸ್ವಲ್ಪ ಜಾಸ್ತಿಯೇ ಬೀಳುತ್ತದೆ. ಅದೇ ಬೀದಿಯಲ್ಲಿ, ಅದೇ ಅಗಲದ ರಸ್ತೆಯಲ್ಲಿ ಖಾಲಿ ಸೈಟ್ ಇತ್ತೀಚೆಗೆ ಎಷ್ಟಕ್ಕೆ ಕೈ ಬದಲಾಯಿತು ಅಂತ ವಿಚಾರಿಸಿ. ಬ್ರೋಕರ್ ಹತ್ತಿರ ಕೇಳಬೇಡಿ, ಈಚೆಗೆ ತಗೊಂಡವರ ಹತ್ತಿರ ಕೇಳಿ. ಸಿಕ್ಕ ರೇಟು 5,400ರ ಆಸುಪಾಸಿನಲ್ಲಿದ್ದರೆ ಮುಂದೆ ಮಾತಾಡಿ. ತೀರಾ ಕಡಿಮೆ ಇದ್ದರೆ ಏರಿಯಾದ ಹೆಸರಿಗೆ ದುಡ್ಡು ಕೊಡುತ್ತಿದ್ದೀರಿ ಅಂತ ಅರ್ಥ. ಕೊಡಬಾರದು ಅಂತಲ್ಲ. ಬಾಪೂಜಿ ಆಸ್ಪತ್ರೆ, ಜೆ.ಜೆ.ಎಂ. ಮೆಡಿಕಲ್ ಕಾಲೇಜು, ಡೆಂಟಲ್ ಕಾಲೇಜು ಎಲ್ಲ ಹತ್ತಿರ ಇರುವುದಕ್ಕೆ ಒಂದು ಬೆಲೆ ಇದ್ದೇ ಇರುತ್ತದೆ. ಆದರೆ ಎಷ್ಟು ಕೊಡುತ್ತಿದ್ದೀರಿ ಅಂತ ಗೊತ್ತಿದ್ದು ಕೊಡಿ.

ಇನ್ನು 90 ಲಕ್ಷದ ವಿಷಯ. ಇದರಲ್ಲಿ ಲಾಭ ಆಗುವುದು ಮಾರುವವರಿಗೆ, ನಿಮಗಲ್ಲ. ನಗರದಲ್ಲಿ ಸ್ಟ್ಯಾಂಪ್ ಡ್ಯೂಟಿ 5%, ಅದರ ಮೇಲೆ ಸೆಸ್ಸು, ಸರ್ಚಾರ್ಜು ಸೇರಿ 5.6%. ನೋಂದಣಿ ಶುಲ್ಕ 1% ಇದ್ದದ್ದು 2025ರ ಆಗಸ್ಟ್ 31ರಿಂದ 2% ಆಗಿದೆ. ಒಟ್ಟು 7.6%. 90 ಲಕ್ಷಕ್ಕೆ 6.84 ಲಕ್ಷ, ಒಂದೂವರೆ ಕೋಟಿಗೆ 11.4 ಲಕ್ಷ. ಉಳಿತಾಯ ನಾಲ್ಕೂವರೆ ಲಕ್ಷ ಅಂತ ಖುಷಿಯಾಗುತ್ತದೆ, ಅಲ್ವಾ?

ಈಗ ಸಾಲ ನೋಡಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 75 ಲಕ್ಷ ಮೀರಿದ ಗೃಹಸಾಲಕ್ಕೆ ಬ್ಯಾಂಕ್ ಕೊಡುವುದು ಆಸ್ತಿ ಬೆಲೆಯ 75% ವರೆಗೆ. ಬೆಲೆ ಅಂದರೆ ಪತ್ರದಲ್ಲಿ ಬರೆದದ್ದು ಮತ್ತು ನಾನು ಬರೆದುಕೊಟ್ಟದ್ದು, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಪತ್ರದಲ್ಲಿ ಒಂದೂವರೆ ಕೋಟಿ ಇದ್ದು, ಮೌಲ್ಯಮಾಪನವೂ ಅಷ್ಟೇ ಬಂದರೆ ಒಂದು ಕೋಟಿ 12.5 ಲಕ್ಷದ ತನಕ ಸಾಲ ಸಿಗಬಹುದು. ಪತ್ರದಲ್ಲಿ 90 ಇದ್ದರೆ ಸಾಲ 75 ಲಕ್ಷದ ಒಳಗೆ ಬರುತ್ತದೆ ಅಂತ ಮಿತಿ 80% ಆದರೂ 72 ಲಕ್ಷ. ಅಂದರೆ 40 ಲಕ್ಷವನ್ನು ನೀವು ಬೇರೆ ಕಡೆಯಿಂದ ಹೊಂದಿಸಬೇಕು. ಚಿನ್ನ ಅಡ ಇಡಬೇಕು, ಇಲ್ಲ ಕೈಸಾಲ ಮಾಡಬೇಕು.

ಮುಂದೆ ನೀವು ಮಾರುವಾಗಲೂ ಇದು ಕಾಡುತ್ತದೆ. ಕಾಗದದ ಮೇಲೆ ನೀವು ಕೊಂಡದ್ದು 90ಕ್ಕೆ. ಕೈಗೆ ಕೊಟ್ಟ 60 ಲಕ್ಷವೂ ನಿಮ್ಮ ಲಾಭ ಅಂತಲೇ ಲೆಕ್ಕ. ಈಗಿನ 12.5% ದರದಲ್ಲಿ ಅದಕ್ಕೇ ಏಳೂವರೆ ಲಕ್ಷ ತೆರಿಗೆ. ನಾಲ್ಕೂವರೆ ಉಳಿಸಿ ಏಳೂವರೆ ಕಟ್ಟಿದ ಹಾಗಾಯಿತು. ಅದೂ ಅಲ್ಲದೆ ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವ ಹಾಗೇ ಇಲ್ಲ. ತಗೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಗುಂಪಿನ ಸದಸ್ಯರೊಬ್ಬರು: ಸರ್, ಪುಸ್ತಕದ ಮಾತು ಹೇಳುತ್ತಿದ್ದೀರಿ. ಪೂರ್ತಿ ವೈಟ್ ಅಂದರೆ ಈ ಊರಿನಲ್ಲಿ ಯಾರೂ ಮನೆ ತೋರಿಸುವುದೂ ಇಲ್ಲ.

ಉತ್ತರ: ಒಪ್ಪುತ್ತೇನೆ, ಕೆಲವರು ತೋರಿಸುವುದಿಲ್ಲ. ಆದರೆ ಈ ಮನೆಯಲ್ಲಿ ಮಗ ಹೊರದೇಶದಲ್ಲಿದ್ದಾನೆ. ಅವನ ಪಾಲು ಬ್ಯಾಂಕ್ ಮೂಲಕವೇ ಅಲ್ಲಿಗೆ ಹೋಗಬೇಕು. ಇಲ್ಲಿ ಕೊಟ್ಟ ಕಂತೆ ನೋಟು ಅವನಿಗೆ ಅಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಇಂಥ ಮನೆಗಳಲ್ಲಿ ಪೂರ್ತಿ ವೈಟ್‌ಗೆ ಒಪ್ಪಿಸುವುದು ಬೇರೆ ಕಡೆಗಿಂತ ಸುಲಭ. ನಗದು ಬೇಕು ಅಂತ ಕೂರುವವರು ಸಾಮಾನ್ಯವಾಗಿ ನಡುವೆ ಓಡಾಡುವ ಸಂಬಂಧಿಕರು. ಮಗನ ಜೊತೆ ಒಮ್ಮೆ ನೇರವಾಗಿ ವಿಡಿಯೋ ಕಾಲ್‌ನಲ್ಲಿ ಮಾತಾಡಿ ನೋಡಿ.

ಆ ಮಗನಿಂದಲೇ ಇನ್ನೊಂದು ತೊಡಕು ಇದೆ. ಆಸ್ತಿ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವರು ಕೊಡುವ ಹಣದಲ್ಲೇ 1% ತೆರಿಗೆ (ಟಿ.ಡಿ.ಎಸ್.) ಹಿಡಿದು ಕಟ್ಟಬೇಕು. ಇದು ಮಾರುವವರು ಇಲ್ಲೇ ಇದ್ದಾಗ. ಎನ್‌ಆರ್‌ಐ ಪಾಲಿಗೆ ಈ 1% ನಡೆಯುವುದಿಲ್ಲ, ದರ ತುಂಬಾ ಜಾಸ್ತಿ. ಕಡಿಮೆ ಹಿಡಿಯಬೇಕು ಅಂದರೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬೇಕು. ಇದನ್ನು ಮರೆತರೆ ನೋಟಿಸ್ ಬರುವುದು ನಿಮಗೆ. ಟೋಕನ್ ಅಡ್ವಾನ್ಸ್ ಕೊಡುವ ಮೊದಲೇ ಒಬ್ಬ ಸಿ.ಎ.ಯನ್ನು ಕೇಳಿ.

ಪ್ರಶ್ನೆ (ಮನೆ ನೋಡಿದವರು): ಮಗಳಿಗೆ ಮದುವೆಯಲ್ಲಿ ಎಲ್ಲ ಕೊಟ್ಟಾಗಿದೆ, ಅವಳ ಸಹಿ ಬೇಡ ಅಂತಾರೆ. ಹಾಗೆ ನಡೆಯುತ್ತದಾ?

ಉತ್ತರ: ಇಲ್ಲ. ಮುಂದಿನದ್ದು ವಕೀಲರ ಕೆಲಸ.

ಗುಂಪಿನಲ್ಲಿರುವ ವಕೀಲರು: ನಾನು ಹೇಳುತ್ತೇನೆ. ಆಸ್ತಿ ತಂದೆಯ ಸ್ವಂತದ್ದಾಗಿ, ವಿಲ್ ಇಲ್ಲದಿದ್ದರೆ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಪಿತ್ರಾರ್ಜಿತ ಆದರೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಮಗಳಿಗೂ ಹುಟ್ಟಿನಿಂದಲೇ ಹಕ್ಕು. ಆಗ ತಂದೆ ಬದುಕಿದ್ದರೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮದುವೆ ಖರ್ಚು ಪಾಲಲ್ಲ. ಅವಳು ಬಂದು ಸಹಿ ಹಾಕಲಿ, ಇಲ್ಲ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಮಾಡಿಕೊಡಲಿ. ಮಗ ಪವರ್ ಆಫ್ ಅಟಾರ್ನಿ ಕಳಿಸಿದರೆ, ಅದು ಇಲ್ಲಿಗೆ ಬಂದ 3 ತಿಂಗಳೊಳಗೆ ಸ್ಟ್ಯಾಂಪ್ ಆಗಿರಬೇಕು.

ಪ್ರಶ್ನೆ: ನಾವು ರಿಂಗ್ ರೋಡ್ ಆಚೆ ಹೊಸ ಲೇಔಟಿನಲ್ಲಿ ಕಟ್ಟಿಸಿದ ಮನೆ ತಗೊಂಡೆವು. ಮೊದಲು ಅಲ್ಲಿ ಭತ್ತದ ಗದ್ದೆ ಇತ್ತಂತೆ. ಮಳೆಗಾಲದಲ್ಲಿ ನೋಡಿದಾಗ ಹೊಸ ಮನೆ, ಚೆನ್ನಾಗಿತ್ತು. ಈ ಏಪ್ರಿಲ್‌ನಲ್ಲಿ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿದೆ. ಬಿಲ್ಡರ್ ಪ್ಲಾಸ್ಟರ್ ಬಿರುಕು, ಪುಟ್ಟಿ ಹಾಕಿಸಿ ಸಾಕು ಅಂತಾರೆ.

ಉತ್ತರ: ಪುಟ್ಟಿ ಹಾಕಿಸಬೇಡಿ, ಸದ್ಯಕ್ಕೆ.

ಊರು ಬೆಳೆದಿರುವುದೇ ಭದ್ರಾ ಅಚ್ಚುಕಟ್ಟಿನ ಗದ್ದೆಗಳ ಮೇಲೆ. ಇದರಲ್ಲಿ ಎಷ್ಟೋ ಕಡೆ ಎರೆಮಣ್ಣು. ಎರೆ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವುದನ್ನು ನೋಡಿರುತ್ತೀರಿ. ಅಡಿಪಾಯ ಆ ಮಣ್ಣಿನಲ್ಲೇ ಕೂತಿದ್ದರೆ ಗೋಡೆಯೂ ಅದರ ಜೊತೆ ಏಳುತ್ತದೆ, ಇಳಿಯುತ್ತದೆ.

ಹೀಗೆ ಮಾಡಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡಗೆರೆ ಎಳೆದು ಪಕ್ಕದಲ್ಲಿ ತಾರೀಖು ಬರೆಯಿರಿ. ಅಡ್ಡಲಾಗಿ ಒಂದು ತೆಳು ಗಾಜಿನ ಚೂರನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಅಂಟಿಸಿ. ಬಿರುಕು ಇನ್ನೂ ಆಡುತ್ತಿದ್ದರೆ ಗಾಜು ಸೀಳುತ್ತದೆ. ಗೆರೆ ದಾಟಿ ಮುಂದೆ ಹೋದರೆ ಬಿರುಕು ಬೆಳೆಯುತ್ತಿದೆ. ಮಳೆ ಹಿಡಿದ ಮೇಲೆ ಸಣ್ಣದಾಗಿ, ಮತ್ತೆ ಮುಂದಿನ ಬೇಸಿಗೆಗೆ ಅಗಲವಾದರೆ ಅದು ಮಣ್ಣಿನ ಆಟ. ಬರೀ ಪ್ಲಾಸ್ಟರ್ ಬಿರುಕು ಕೂದಲೆಳೆಯಷ್ಟು ಇರುತ್ತದೆ, ಬಲೆಯ ಹಾಗೆ ಹರಡಿರುತ್ತದೆ, ಒಳಗಿನ ಇಟ್ಟಿಗೆಗೆ ಮುಟ್ಟಿರುವುದಿಲ್ಲ. ಒಂದು ಕಡೆ ಅಂಗೈಯಗಲ ಪ್ಲಾಸ್ಟರ್ ಕೆತ್ತಿಸಿ ನೋಡಿದರೆ ಗೊತ್ತಾಗುತ್ತದೆ.

ಮಣ್ಣಿನದ್ದೇ ಆದರೆ ಮೊದಲ ಮದ್ದು ನೀರನ್ನು ದೂರ ಇಡುವುದು. ಮನೆ ಸುತ್ತ ಒಂದು ಮೀಟರ್‌ಗಿಂತ ಜಾಸ್ತಿ ಅಗಲಕ್ಕೆ ಇಳಿಜಾರು ಕಾಂಕ್ರೀಟ್ ಹಾಕಿಸಿ. ತಾರಸಿ ಪೈಪಿನ ನೀರು ಗೋಡೆ ಬುಡಕ್ಕೆ ಬೀಳಬಾರದು. ಗೋಡೆಗೆ ಒತ್ತಿಕೊಂಡು ಗಿಡ ಹಾಕಿ ದಿನಾ ನೀರು ಬಿಡುವುದು ಬೇಡ. ಆದರೂ ನಿಲ್ಲದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್ ಕರೆಸಿ. ಬಿಲ್ಡರ್‌ಗೆ ಈಗಲೇ ಬರಹದಲ್ಲಿ ತಿಳಿಸಿ. ಯೋಜನೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ) ಅಡಿ ನೋಂದಣಿ ಆಗಿದ್ದರೆ, ಮನೆ ಕೈಗೆ ಬಂದ 5 ವರ್ಷದೊಳಗೆ ಕಂಡ ಕಟ್ಟಡದ ದೋಷವನ್ನು ಅವರು ತಮ್ಮ ಖರ್ಚಿನಲ್ಲಿ ಸರಿಪಡಿಸಬೇಕು.

ಇನ್ನೂ ಕಟ್ಟಿಸದವರು ಕೇಳಿ: ಎರೆಯನ್ನು ಪೂರ್ತಿ ತೆಗೆಸಿ ಗಟ್ಟಿ ಗರಸು ಸಿಗುವ ತನಕ ಅಗೆಸಿ. ಅದು ತುಂಬಾ ಆಳದಲ್ಲಿದ್ದರೆ ಅಂಡರ್ ರೀಮ್ಡ್ ಪೈಲ್ (ಬುಡ ಅಗಲವಾಗಿ ನೆಲದೊಳಗೆ ಇಳಿಸುವ ಕಾಂಕ್ರೀಟ್ ಕಂಬ) ಹಾಕಿಸಿ. ಹಳೇ ಮನೆ ಕೊಳ್ಳುವವರು ಬೇಸಿಗೆಯಲ್ಲಿ ಒಮ್ಮೆ ನೋಡಿ. ಹೊಸ ಬಣ್ಣ ಹೊಡೆದು ಆಗಸ್ಟ್‌ನಲ್ಲಿ ಮಾರಲಿಟ್ಟ ಮನೆ ಕಂಡರೆ ನನಗೆ ಸುಮ್ನೆ ಅನುಮಾನ ಬರುತ್ತದೆ.

ಪ್ರಶ್ನೆ: ಬಿ ಖಾತಾ ಸೈಟ್ ಅಗ್ಗಕ್ಕೆ ಸಿಗುತ್ತಿದೆ. ಸರ್ಕಾರವೇ ಖಾತಾ ಕೊಟ್ಟಿದೆಯಲ್ಲ, ತಗೋಬಹುದಾ?

ಉತ್ತರ: ಬಿ ಬ್ಲಾಕೇ ಬೇರೆ, ಬಿ ಖಾತಾನೇ ಬೇರೆ! 2025ರಲ್ಲಿ ಅಭಿಯಾನ ಮಾಡಿ ಅನುಮೋದನೆ ಇಲ್ಲದ ಸೈಟುಗಳಿಗೆ ಬಿ ಖಾತಾ ಕೊಟ್ಟದ್ದು ತೆರಿಗೆ ಲೆಕ್ಕಕ್ಕೆ ತರಲು. ಅದರಿಂದ ಬಡಾವಣೆಗೆ ಅನುಮೋದನೆ ಸಿಕ್ಕಂತಾಗುವುದಿಲ್ಲ. ಸಾಲಕ್ಕೆ ಬ್ಯಾಂಕುಗಳು ಹಿಂದೆ ಮುಂದೆ ನೋಡುತ್ತವೆ, ಕಟ್ಟಡ ಪರವಾನಗಿಗೂ ತೊಡಕು. ಅಗ್ಗ ಆಗಿರುವುದು ಅದಕ್ಕೇ.

ಪ್ರಶ್ನೆ: ನಮ್ಮ ಲೇಔಟ್ ಮಾರುವಾಗ ಬ್ರೋಷರ್‌ನಲ್ಲಿ ಪಾರ್ಕ್ ತೋರಿಸಿದ್ದರು. ಈಗ ಅದೇ ಜಾಗದಲ್ಲಿ ಕಲ್ಲು ನೆಟ್ಟು ಸೈಟ್ ಮಾಡುತ್ತಿದ್ದಾರೆ. ನಲವತ್ತು ಮನೆಯವರಿದ್ದೇವೆ, ಸಂಜೆ ಮಕ್ಕಳು ರಸ್ತೆಯಲ್ಲೇ ಆಡಬೇಕು.

ಉತ್ತರ: ಬ್ರೋಷರ್ ಎತ್ತಿಡಿ. ದೂಡಾ (ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರ) ಅನುಮೋದಿಸಿದ ನಕ್ಷೆಯ ದೃಢೀಕೃತ ಪ್ರತಿ ಮಾಹಿತಿ ಹಕ್ಕಿನಲ್ಲಿ ತೆಗೆಸಿ. ಅದರಲ್ಲಿ ಪಾರ್ಕ್, ಸಿ.ಎ. (ನಾಗರಿಕ ಸೌಲಭ್ಯದ) ನಿವೇಶನ, ರಸ್ತೆ ಎಲ್ಲ ಗುರುತಾಗಿರುತ್ತವೆ. ಅವನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ಪತ್ರವೂ ಇರಬೇಕು, ಅದರ ಪ್ರತಿಯನ್ನೂ ಕೇಳಿ. ನಕ್ಷೆಯಲ್ಲಿ ಪಾರ್ಕ್ ಅಂತಿದ್ದರೆ ಮಾಲೀಕರು ಅದನ್ನು ಮಾರುವ ಹಾಗಿಲ್ಲ. ಉದ್ಯಾನ, ಆಟದ ಮೈದಾನ, ತೆರೆದ ಜಾಗಗಳ ರಕ್ಷಣೆಗೇ 1985ರ ಕರ್ನಾಟಕ ಕಾಯ್ದೆ ಇದೆ. ನಲವತ್ತು ಮನೆಯವರು ವಾಟ್ಸಾಪ್‌ನಲ್ಲಿ ಬೈದುಕೊಂಡು ಕೂರುವುದಕ್ಕಿಂತ ನಿವಾಸಿಗಳ ಸಂಘ ನೋಂದಾಯಿಸಿ, ಸಂಘದ ಹೆಸರಲ್ಲೇ ಅರ್ಜಿ ಕೊಡಿ. ಕಲ್ಲು ನೆಟ್ಟಾಗಲೇ ಹೋಗಿ. ಯಾರಾದರೂ ಸೈಟ್ ಕೊಂಡು ಪಾಯ ತೋಡಿದ ಮೇಲೆ ಕೋರ್ಟ್ ಮೆಟ್ಟಿಲು ಹತ್ತದೆ ಬೇರೆ ದಾರಿ ಇರುವುದಿಲ್ಲ.

ಇನ್ನೊಂದು ಮಾತು. ಈ ಹೊಸ ಲೇಔಟುಗಳಲ್ಲಿ ಅರ್ಧಕ್ಕರ್ಧ ಸೈಟು ಇನ್ವೆಸ್ಟ್‌ಮೆಂಟ್‌ಗೆ ಅಂತ ಕೊಂಡು ಬಿಟ್ಟವು. ಮನೆ ಕಟ್ಟಿದವರಿಗೆ ಪಕ್ಕದಲ್ಲಿ ಮುಳ್ಳುಕಂಟಿ, ಹಾವು, ಕಸ. ವಿದ್ಯಾನಗರ, ಪಿ.ಜೆ. ಬಡಾವಣೆಯವರು ಇಷ್ಟು ವರ್ಷದಲ್ಲಿ ಪಡೆದದ್ದು ಬರೀ ಡಾಂಬರು ರಸ್ತೆ ಅಲ್ಲ, ಊರಿಗೆ ಹೋದಾಗ ಮನೆ ಕಡೆ ಕಣ್ಣಿಡುವ ನೆರೆಯವರು. ನನ್ನ ರಿಪೋರ್ಟಿನಲ್ಲಿ ಅದಕ್ಕೆ ಕಾಲಂ ಇಲ್ಲ. ಹಾಗಾಗಿ ಸೈಟ್ ನೋಡಲು ಭಾನುವಾರ ಬೆಳಿಗ್ಗೆ ಬ್ರೋಕರ್ ಕಾರಿನಲ್ಲಿ ಹೋಗಬೇಡಿ. ವಾರದ ದಿನ ರಾತ್ರಿ 8ಕ್ಕೆ ಹೋಗಿ, ಎಷ್ಟು ಮನೆಯಲ್ಲಿ ದೀಪ ಇದೆ ನೋಡಿ.

ಪ್ರಶ್ನೆ: ಬಿ ಬ್ಲಾಕಿನಲ್ಲೇ ಹುಟ್ಟಿ ಬೆಳೆದವಳು ನಾನು. ಪಕ್ಕದ ಮನೆ ಈಗ ಹುಡುಗರ ಪಿ.ಜಿ. ಆಗಿದೆ. ನಮ್ಮ ಗೇಟ್ ಮುಂದೆ ಬೈಕ್ ಸಾಲು, ರಾತ್ರಿ ಗಲಾಟೆ. ಇದರಿಂದ ನಮ್ಮ ಮನೆ ಬೆಲೆ ಬೀಳುತ್ತದಾ?

ಉತ್ತರ: ಬೆಲೆ ಬೀಳುವುದಿಲ್ಲ ಮೇಡಂ. ಬೇಜಾರಿನ ವಿಷಯ ಏನು ಅಂದರೆ, ಬಾಡಿಗೆ ಲೆಕ್ಕ ಹಾಕಿ ಕೊಳ್ಳುವವರಿಗೆ ಅದು ಪ್ಲಸ್ ಪಾಯಿಂಟು. ಬೀಳುವುದು ನಿಮ್ಮ ನೆಮ್ಮದಿ. ಮಾಲೀಕರು ಎಲ್ಲಿದ್ದಾರೆ ಹುಡುಕಿ, ಮೊದಲು ಅವರ ಜೊತೆ ಮಾತಾಡಿ. ಹುಡುಗರ ಜೊತೆ ಜಗಳ ಬೇಡ, ವರ್ಷಕ್ಕೊಮ್ಮೆ ಹುಡುಗರು ಬದಲಾಗುತ್ತಾರೆ. ಕೇಳದಿದ್ದರೆ ಪಾಲಿಕೆಗೆ ಎರಡು ಪ್ರಶ್ನೆ ಹಾಕಿ ಅರ್ಜಿ ಕೊಡಿ: ಪಿ.ಜಿ. ನಡೆಸಲು ಪರವಾನಗಿ ಇದೆಯಾ, ಆಸ್ತಿ ತೆರಿಗೆ ಯಾವ ದರದಲ್ಲಿ ಕಟ್ಟುತ್ತಿದ್ದಾರೆ. ವಾಸದ ದರದಲ್ಲಿ ಕಟ್ಟುತ್ತಿದ್ದರೆ ಆ ಅರ್ಜಿಗೇ ಮಾಲೀಕರ ಫೋನ್ ಬರುತ್ತದೆ. ಗೇಟ್ ಮುಂದಿನ ಬೈಕಿಗೆ ಸಂಚಾರ ಠಾಣೆಗೆ ಫೋಟೋ ಸಮೇತ ದೂರು ಕೊಡಿ.